ಕಾಲಿನ್ ಮೀಡ್ಸ್ ಟೆಸ್ಟ್ ಆಡಲು ಹೋದಾಗ ಕುರಿ ನೋಡಿಕೊಂಡವರು ಯಾರು?

ನ್ಯೂಜಿಲೆಂಡ್‌ನಲ್ಲಿ ಋತುಗಳು ನಮಗೆ ತಿರುಗುಮುರುಗು. ಜೂನ್, ಜುಲೈ ಅಂದರೆ ಅಲ್ಲಿ ಚಳಿಗಾಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹುಲ್ಲು ಚಿಗುರುವ ಹೊತ್ತಿಗೆ ಕುರಿಗಳು ಮರಿ ಹಾಕುತ್ತವೆ. ಉಣ್ಣೆ ಕತ್ತರಿಸುವುದು, ಹುಲ್ಲು ಕೊಯ್ದು ಒಣಗಿಸುವುದು, ಮರಿಗಳನ್ನು ತಾಯಿಯಿಂದ ಬಿಡಿಸುವುದು ಇವೆಲ್ಲ ನವೆಂಬರ್‌ನಿಂದಾಚೆಗಿನ ಬೇಸಿಗೆಯ ಕೆಲಸಗಳು. ಇದರ ಪಕ್ಕದಲ್ಲಿ ಆಗಿನ ರಗ್ಬಿ ವೇಳಾಪಟ್ಟಿ ಇಟ್ಟು ನೋಡಿ. 1966ರಲ್ಲಿ ಬ್ರಿಟನ್, ಐರ್ಲೆಂಡ್‌ಗಳ ಸಂಯುಕ್ತ ತಂಡವಾದ ಬ್ರಿಟಿಷ್ ಲಯನ್ಸ್ ಬಂದಾಗ ನಾಲ್ಕು ಟೆಸ್ಟ್‌ಗಳು, ಅಂದರೆ ಅಂತಾರಾಷ್ಟ್ರೀಯ ರಗ್ಬಿ ಪಂದ್ಯಗಳು, ನಡೆದದ್ದು ಜುಲೈ ಮಧ್ಯದಿಂದ ಸೆಪ್ಟೆಂಬರ್ 10ರವರೆಗೆ, ಅಂದರೆ ಸರಿಯಾಗಿ ಮರಿ ಹಾಕುವ ಕಾಲಕ್ಕೆ. 1963-64ರ ಬ್ರಿಟನ್, ಐರ್ಲೆಂಡ್, ಫ್ರಾನ್ಸ್ ಪ್ರವಾಸ ಅಕ್ಟೋಬರ್‌ನಲ್ಲಿ ಶುರುವಾಗಿ ಫೆಬ್ರುವರಿಯಲ್ಲಿ ಮುಗಿಯಿತು. ಅಲ್ಲಿಗೆ ಉಣ್ಣೆಯ ಕಾಲವೂ ಹೋಯಿತು.

ಇಂಥ ಹೊತ್ತಿನಲ್ಲಿ ಒಬ್ಬ ಕುರಿ ರೈತ 1957ರಿಂದ 1971ರವರೆಗೆ ದೇಶಕ್ಕಾಗಿ ಒಟ್ಟು 133 ಪಂದ್ಯ ಆಡಿದರು. ಅದರಲ್ಲಿ 55 ಟೆಸ್ಟ್‌ಗಳು. ಕಾಲಿನ್ ಮೀಡ್ಸ್ ಎಂಬ ಹೆಸರು ನ್ಯೂಜಿಲೆಂಡ್‌ನಲ್ಲಿ ಇವತ್ತಿಗೂ ಹಳ್ಳಿಯ ಕಸುವಿಗೆ ಇನ್ನೊಂದು ಹೆಸರಿನಂತೆ ಚಾಲ್ತಿಯಲ್ಲಿದೆ. ಅವರ ಬಲದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಅವರು ಊರಲ್ಲಿಲ್ಲದ ತಿಂಗಳುಗಳಲ್ಲಿ ಜಮೀನು ಹೇಗೆ ನಡೆಯಿತು ಎಂಬುದು ಮಾತ್ರ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ರೈತ ಆಟಗಾರರ ಆ ದಾರಿ ಹೇಗೆ ತೆರೆಯಿತು, ಯಾಕೆ ಕಿರಿದಾಯಿತು ಎಂಬುದು ಅರ್ಥವಾಗಬೇಕಾದರೆ ಅಲ್ಲಿಂದಲೇ ಶುರುಮಾಡಬೇಕು.

ಮೀಡ್ಸ್ ಹುಟ್ಟಿದ್ದು 1936ರ ಜೂನ್ 3ರಂದು, ಉತ್ತರ ದ್ವೀಪದ ವೈಕಾಟೊ ಸೀಮೆಯ ಕೇಂಬ್ರಿಡ್ಜ್‌ನಲ್ಲಿ. ಬೆಳೆದದ್ದು ಅಲ್ಲಿಂದ ದಕ್ಷಿಣಕ್ಕಿರುವ ಕಿಂಗ್ ಕಂಟ್ರಿಯ ಟೆ ಕುಯಿಟಿ ಊರಿನ ಬಳಿಯ ಕುರಿ ಫಾರ್ಮ್‌ನಲ್ಲಿ. ಸುಣ್ಣಕಲ್ಲಿನ ಏರುತಗ್ಗಿನ ಗುಡ್ಡಗಳು, ಕಡಿದಷ್ಟೂ ಮತ್ತೆ ಚಿಗುರುವ ಪೊದೆ, ಜರಿಗಿಡ. ಎರಡನೇ ಮಹಾಯುದ್ಧದ ನಂತರ ಇಂಥ ಗುಡ್ಡಗಾಡಿಗೆ ಎರಡು ಕಾರಣಕ್ಕೆ ಜೀವ ಬಂತು. 1949ರಿಂದ ಸಣ್ಣ ವಿಮಾನಗಳಲ್ಲಿ ಸೂಪರ್ ಫಾಸ್ಫೇಟ್ ಗೊಬ್ಬರ ಎರಚುವುದು ವ್ಯಾಪಾರವಾಗಿ ಬೆಳೆಯಿತು. ಟ್ರ್ಯಾಕ್ಟರ್ ಹತ್ತದ ಇಳಿಜಾರಿನಲ್ಲೂ ಹುಲ್ಲು ದಟ್ಟವಾಯಿತು. ಕೊರಿಯಾ ಯುದ್ಧದ ಹೊತ್ತಿಗೆ ಉಣ್ಣೆಯ ಬೆಲೆ ಸುಮಾರು ಮೂರು ಪಟ್ಟು ಏರಿತು. ಹುಲ್ಲು ಹೆಚ್ಚಿದರೆ ಕುರಿ ಹೆಚ್ಚು, ಕುರಿ ಹೆಚ್ಚಿದರೆ ಬೇಲಿ ಹೆಚ್ಚು. ಆ ಬೇಲಿ ಹಾಕುವುದಕ್ಕೆ ಬೇಕಾದದ್ದು ಹರೆಯದ ಹುಡುಗರ ರಟ್ಟೆ.

ಬೇಲಿ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು, ಯಾಕೆಂದರೆ ಫಾರ್ವರ್ಡ್, ಅಂದರೆ ತಳ್ಳಾಟದ ಮುಂಚೂಣಿ ಆಟಗಾರನ ಮೈ ಹದಗೊಳ್ಳುವುದು ಅಲ್ಲೇ. ಗುಡ್ಡದ ಕುರಿ ಬೇಲಿಗೆ ಏಳೆಂಟು ಸಾಲು ತಂತಿ. ನಡುವಿನ ಕಂಬ ಸುಮಾರು 1.8 ಮೀಟರ್ ಉದ್ದ, ಅದರಲ್ಲಿ ಮೂರನೇ ಒಂದು ಭಾಗ ನೆಲದೊಳಗೆ. ಎರಡೂ ತುದಿಗೆ ಇನ್ನೂ ದಪ್ಪ, ಇನ್ನೂ ಉದ್ದದ ಎಳೆಗಂಬ. ಗುಂಡಿ ತೋಡಿ, ಕಂಬ ನಿಲ್ಲಿಸಿ, ಮಣ್ಣನ್ನು ತುಸುತುಸುವೇ ಹಾಕಿ ಹಾರೆಯಿಂದ ಗುದ್ದಿ ಗಟ್ಟಿಮಾಡಬೇಕು. ಒಂದೇ ಸಲ ಮಣ್ಣು ತುಂಬಿ ಮೇಲಷ್ಟೇ ಗುದ್ದಿದರೆ ಅಡಿಯಲ್ಲಿ ಸಡಿಲ ಉಳಿಯುತ್ತದೆ. ಎಳೆಗಂಬಕ್ಕೆ ಆಸರೆ ಕಂಬವನ್ನು ಸರಿಯಾದ ಓರೆಯಲ್ಲಿ ಕೊಡದಿದ್ದರೆ, ತಂತಿ ಬಿಗಿದ ಕೆಲವೇ ದಿನಗಳಲ್ಲಿ ಕಂಬ ಒಳಕ್ಕೆ ವಾಲಿ ಇಡೀ ಸಾಲು ಜೋಲುತ್ತದೆ. ಗಾಡಿ ಹೋಗದ ಕಡೆ ಕಂಬ, ತಂತಿ ಸುರುಳಿ ಎಲ್ಲವೂ ಹೆಗಲ ಮೇಲೆ. ಒದ್ದೆ ಇಳಿಜಾರಿನಲ್ಲಿ ಭಾರ ಹೊತ್ತು ಹತ್ತುವವನ ಸೊಂಟ, ತೊಡೆ, ಮೀನಖಂಡಗಳಿಗೆ ಬರುವ ಬಲ ಜಿಮ್‌ನ ಸಮತಟ್ಟು ನೆಲದಲ್ಲಿ ಸುಲಭಕ್ಕೆ ಬರುವುದಿಲ್ಲ. ಹಿಡಿತದ ಬಲವಂತೂ ಇನ್ನೂ ಅಪರೂಪ. ಅಲ್ಲಿಯ ರಾಮ್ನಿ ತಳಿಯ ಬೆಳೆದ ಹೆಣ್ಣು ಕುರಿ 55-65 ಕಿಲೋ ತೂಗುತ್ತದೆ. ನಮ್ಮ ಬನ್ನೂರು ಕುರಿಯ ಎರಡು ಪಟ್ಟಿಗೂ ಹೆಚ್ಚು. ಉಣ್ಣೆ ಕತ್ತರಿಸುವಾಗ, ಗೊರಸು ಸವರುವಾಗ ಇದನ್ನು ಹಿಡಿದು, ಕುಂಡಿಯ ಮೇಲೆ ಕೂರಿಸಿ, ಮಂಡಿಗಳ ನಡುವೆ ಅಲುಗಾಡದಂತೆ ಇಟ್ಟುಕೊಳ್ಳಬೇಕು. ತೋಳಿನಿಂದ ಎತ್ತಲು ಹೋದವನ ಬೆನ್ನು ಮಧ್ಯಾಹ್ನದ ಹೊತ್ತಿಗೆ ಹಿಡಿದುಕೊಳ್ಳುತ್ತದೆ. ಕುರಿಯ ತೂಕವನ್ನೇ ಬಳಸಿ ಸೊಂಟದಿಂದ ತಿರುಗಿಸುವವನು ಸಂಜೆಯವರೆಗೂ ದುಡಿಯುತ್ತಾನೆ.

ಮೀಡ್ಸ್ ಎರಡು ಕಂಕುಳಲ್ಲೂ ಒಂದೊಂದು ಕುರಿ ಹಿಡಿದುಕೊಂಡಿರುವ ಚಿತ್ರ ಪ್ರಸಿದ್ಧ. ಅದನ್ನು ನೋಡಿ, ಅವರು ಹಾಗೇ ಗುಡ್ಡ ಹತ್ತಿ ಅಭ್ಯಾಸ ಮಾಡುತ್ತಿದ್ದರು ಎಂಬ ಕತೆ ಹಬ್ಬಿತು. ರೈತನ ಕಣ್ಣಿಗೆ ಆ ಚಿತ್ರದಲ್ಲಿ ಪವಾಡವೇನೂ ಕಾಣದು. ಕುರಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ದಿನದ ಕೆಲಸ. ಅವರ ನಿಜವಾದ ಅಭ್ಯಾಸ ಇನ್ನೂ ಸರಳ: ಕೆಲಸ ಮುಗಿದ ಮೇಲೆ ಜಮೀನಿನ ಗುಡ್ಡಗಳಲ್ಲೇ ಓಟ. ಹೊಲದ ದುಡಿಮೆ ಬಲ ಕೊಡುತ್ತದೆ, ಓಟದ ದಮ್ಮು ಕೊಡುವುದಿಲ್ಲ. 1.92 ಮೀಟರ್ ಎತ್ತರ, 100 ಕಿಲೋ ದಾಟಿದ ಆಳು ಚೆಂಡನ್ನು ಒಂದೇ ಕೈಯಲ್ಲಿ ಹಿಡಿದು ಎದುರಾಳಿಗಳ ನಡುವೆ ನುಗ್ಗುತ್ತಿದ್ದುದು ಆ ಹೆಚ್ಚುವರಿ ಓಟದಿಂದ.

ಅವರ ಜಾಗ ಲಾಕ್. ಸ್ಕ್ರಮ್ ಅಂದರೆ ಎರಡೂ ತಂಡಗಳ ಫಾರ್ವರ್ಡ್‌ಗಳು ಚೆಂಡಿಗಾಗಿ ಎದುರುಬದುರು ತಳ್ಳಾಡುವುದು. ಅದರಲ್ಲಿ ಒಂದೊಂದು ತಂಡದ ಎಂಟು ಜನ ಮೂರು ಸಾಲಾಗಿ ಹೆಣೆದುಕೊಳ್ಳುತ್ತಾರೆ: ಮುಂದೆ ಇಬ್ಬರು ಪ್ರಾಪ್, ನಡುವೆ ಹುಕರ್; ಎರಡನೇ ಸಾಲಿನ ನಡುವೆ ಇಬ್ಬರು ಲಾಕ್‌ಗಳು, ಅವರ ಅಕ್ಕಪಕ್ಕ ಇಬ್ಬರು ಫ್ಲ್ಯಾಂಕರ್; ಕೊನೆಯಲ್ಲಿ ನಂಬರ್ 8. ಲಾಕ್ ತನ್ನ ತಲೆಯನ್ನು ಪ್ರಾಪ್ ಮತ್ತು ಹುಕರ್‌ನ ಸೊಂಟಗಳ ನಡುವೆ ತೂರಿಸಿ, ಹೆಗಲನ್ನು ಪ್ರಾಪ್‌ನ ಪೃಷ್ಠದ ಕೆಳಗೆ ಒತ್ತಬೇಕು. ಒಂದು ಕೈ ಜೊತೆಗಾರ ಲಾಕ್‌ನನ್ನು ಬಿಗಿಯಾಗಿ ಹಿಡಿದಿರಬೇಕು, ಇನ್ನೊಂದು ಪ್ರಾಪ್‌ನನ್ನು. ಬೆನ್ನು ಚಪ್ಪಟೆ, ಮಂಡಿ ಬಾಗಿರಬೇಕು. ಸೊಂಟ ಹೆಗಲಿಗಿಂತ ಮೇಲೆದ್ದರೆ ಬಲ ನೆಲದ ಕಡೆಗೆ ತಿರುಗಿ ಸ್ಕ್ರಮ್ ಕುಸಿಯುತ್ತದೆ. ಪಾದ ತೀರಾ ಹಿಂದಿದ್ದರೆ ಜಾರುತ್ತದೆ, ತೀರಾ ಮುಂದಿದ್ದರೆ ಕಾಲು ಚಾಚಿ ತಳ್ಳಲು ಜಾಗವೇ ಇರುವುದಿಲ್ಲ. ಇಬ್ಬರು ಲಾಕ್‌ಗಳ ನಡುವೆ ಒಂದು ಗೇಣು ಸಂದಿ ಬಿಟ್ಟರೂ ಮುಂದಿನ ಪ್ರಾಪ್ ಹೊರಕ್ಕೆ ಸರಿದು ಹಿಂದಿನವರ ಶಕ್ತಿಯೆಲ್ಲ ಪೋಲು. ಉಜ್ಜಿ ಉಜ್ಜಿ ಕಿವಿ ಊದಿ ಗಂಟಾಗುವುದರಿಂದ ಲಾಕ್‌ಗಳು ತಲೆಗೆ ಪಟ್ಟಿ ಸುತ್ತಿಕೊಳ್ಳುತ್ತಾರೆ.

ಅಂಚಿನ ಗೆರೆ ದಾಟಿದ ಚೆಂಡನ್ನು ಎರಡು ಸಾಲುಗಳ ನಡುವೆ ಮತ್ತೆ ಒಳಗೆಸೆಯುವ ಲೈನ್‌ಔಟ್ ಕೂಡ ಆಗ ಬೇರೆ ಥರ. ಈಗ ಹಾರುವವನನ್ನು ಇಬ್ಬರು ತೊಡೆ ಹಿಡಿದು ಮೇಲೆತ್ತುತ್ತಾರೆ. ಆ ಕಾಲದಲ್ಲಿ ಎತ್ತುವುದು ನಿಷಿದ್ಧ; 1990ರ ದಶಕದಲ್ಲಷ್ಟೇ ನಿಯಮ ಸಡಿಲವಾಯಿತು. ಎದುರಾಳಿಯ ಮೊಣಕೈ, ತಳ್ಳಾಟಗಳ ನಡುವೆ ಸ್ವಂತ ಕಾಲಿನ ಬಲದಲ್ಲಿ ಹಾರಿ ಚೆಂಡು ಹಿಡಿಯಬೇಕಿತ್ತು. ಇನ್ನೊಂದು ಮುಖ್ಯ ವ್ಯತ್ಯಾಸ: 1968ರವರೆಗೆ ಟೆಸ್ಟ್‌ಗಳಲ್ಲಿ ಗಾಯಾಳುವಿನ ಬದಲು ಇನ್ನೊಬ್ಬನನ್ನು ಇಳಿಸುವಂತಿರಲಿಲ್ಲ. ಒಬ್ಬ ಹೊರನಡೆದರೆ ತಂಡ 14 ಜನಕ್ಕೆ ಇಳಿಯುತ್ತಿತ್ತು. ನೋವು ನುಂಗಿ ಆಡುವುದನ್ನು ಆ ಪೀಳಿಗೆ ಕಲಿತದ್ದು ಈ ನಿಯಮದ ಕೈಯಲ್ಲಿ. ಅದಕ್ಕೆ ಗಂಡಸುತನದ ಬಣ್ಣ ಹಚ್ಚಿದ್ದು ಆಮೇಲಿನವರು.

19ನೇ ವಯಸ್ಸಿಗೆ ಕಿಂಗ್ ಕಂಟ್ರಿ ತಂಡಕ್ಕೆ ಕಾಲಿಟ್ಟ ಮೀಡ್ಸ್ 1955ರಲ್ಲೇ ಕಿರಿಯರ ತಂಡದೊಂದಿಗೆ ನಮ್ಮ ಪಕ್ಕದ ಸಿಲೋನ್‌ಗೆ ಬಂದು ಆಡಿದ್ದರು. 1957ರಲ್ಲಿ ಆಸ್ಟ್ರೇಲಿಯಾ ಪ್ರವಾಸದಲ್ಲಿ ಮೊದಲ ಟೆಸ್ಟ್. 1958ರ ಜಪಾನ್ ಪ್ರವಾಸದಲ್ಲಿ ಜೊತೆಗಾರರು ಇಟ್ಟ 'ಪೈನ್‌ಟ್ರೀ' ಎಂಬ ಅಡ್ಡಹೆಸರು ಕೊನೆಯವರೆಗೂ ಉಳಿಯಿತು. ತಮ್ಮ ಸ್ಟ್ಯಾನ್ ಕೂಡ ಲಾಕ್. ಒಂದೇ ಜಮೀನಿನಲ್ಲಿ ದುಡಿಯುತ್ತಿದ್ದ ಅಣ್ಣ-ತಮ್ಮಂದಿರು ಆಲ್ ಬ್ಲ್ಯಾಕ್ಸ್, ಅಂದರೆ ನ್ಯೂಜಿಲೆಂಡ್ ರಾಷ್ಟ್ರೀಯ ತಂಡದ ಸ್ಕ್ರಮ್‌ನ ಎರಡನೇ ಸಾಲಿನಲ್ಲಿ ಹೆಗಲಿಗೆ ಹೆಗಲು ಕೊಟ್ಟರು. 1966ರಲ್ಲಿ ಲಯನ್ಸ್ ತಂಡವನ್ನು 4-0ಯಿಂದ ಮಣಿಸಿದ್ದು ಈ ಜೋಡಿಯ ಕಾಲದಲ್ಲೇ.

ಆ ಸರಣಿಯ ನಂತರ ಸ್ಟ್ಯಾನ್ ಅಂತಾರಾಷ್ಟ್ರೀಯ ಆಟ ಬಿಟ್ಟರು. ಆಗ ಅವರಿಗೆ ಬರೀ 28. ಆಗಿನ ರಗ್ಬಿ ಪೂರ್ತಿ ಹವ್ಯಾಸಿ ಆಟ. ಪ್ರಯಾಣ, ವಸತಿ, ದಿನಕ್ಕಿಷ್ಟು ಎಂಬ ಚಿಲ್ಲರೆ ಭತ್ಯೆ ಬಿಟ್ಟರೆ ಸಂಬಳವಿಲ್ಲ. ಹಣ ಕೊಡುವ ಇನ್ನೊಂದು ಬಗೆಯ ರಗ್ಬಿಯಾದ ರಗ್ಬಿ ಲೀಗ್‌ಗೆ ಹೋದವರಿಗೆ ಮರಳಿ ಬರುವ ಬಾಗಿಲು ಮುಚ್ಚಿದಂತೆ. ಕಚೇರಿಯ ನೌಕರನಾದರೆ ರಜೆ ಕೇಳಬಹುದು. ಕುರಿಗೆ ರಜೆ ಗೊತ್ತಿಲ್ಲ. ಮರಿ ಹಾಕುವಾಗ ಸಿಕ್ಕಿಕೊಂಡ ತಾಯಿಯನ್ನು ಕೆಲವು ತಾಸುಗಳಲ್ಲಿ ನೋಡದಿದ್ದರೆ ತಾಯಿ-ಮರಿ ಎರಡೂ ಹೋಗುತ್ತವೆ. ಬೆನ್ನಡಿಯಾಗಿ ಬಿದ್ದ ತುಂಬು ಉಣ್ಣೆಯ ಕುರಿ ಏಳಲಾಗದೆ ಹೊಟ್ಟೆ ಉಬ್ಬರಿಸಿ ಸಾಯುತ್ತದೆ. ಹಾಗಾಗಿ ಅಣ್ಣ ಆಡಬೇಕಾದರೆ ಜಮೀನಿನಲ್ಲಿ ಯಾರಾದರೂ ಉಳಿಯಲೇಬೇಕಿತ್ತು. ಕಾಲಿನ್ ಅವರ ಹೆಂಡತಿ ವರ್ನಾ ಐದು ಮಕ್ಕಳನ್ನು ಬೆಳೆಸುತ್ತಿದ್ದ ಮನೆಯೂ ಅದೇ. ನ್ಯೂಜಿಲೆಂಡ್ ರಗ್ಬಿಗೆ ದಶಕಗಟ್ಟಲೆ ಸಬ್ಸಿಡಿ ಕೊಟ್ಟವರು ಹೀಗೆ ಮನೆ, ಜಮೀನು ನೋಡಿಕೊಂಡು ಉಳಿದವರೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ಆ ದುಡಿಮೆಯ ಲೆಕ್ಕ ಯಾವ ಸಂಸ್ಥೆಯ ಪುಸ್ತಕದಲ್ಲೂ ಬರಲಿಲ್ಲ.

ಮೀಡ್ಸ್ ಒಬ್ಬರದೇ ಕತೆಯಲ್ಲ ಇದು. ವೈರಾರಾಪ ಸೀಮೆಯ ರೈತ ಬ್ರಯನ್ ಲೊಕೋರ್ 1966ರಿಂದ 1970ರವರೆಗೆ ಆಲ್ ಬ್ಲ್ಯಾಕ್ಸ್ ನಾಯಕರಾಗಿದ್ದರು. ನಿವೃತ್ತರಾಗಿ ಜಮೀನಿಗೆ ಮರಳಿದ್ದವರನ್ನು 1971ರ ಮೂರನೇ ಲಯನ್ಸ್ ಟೆಸ್ಟ್‌ಗೆ ಕೊನೇ ಗಳಿಗೆಯಲ್ಲಿ ಕರೆದಾಗ, ಟೆಸ್ಟ್ ಆಡಲು ವೆಲಿಂಗ್ಟನ್‌ಗೆ ಹೋಗಿದ್ದೇನೆ, ಆಮೇಲೆ ಫೋನ್ ಮಾಡುತ್ತೇನೆ ಎಂದು ಹೆಂಡತಿಗೆ ಚೀಟಿ ಬರೆದಿಟ್ಟು ಹೊರಟರು. ಲೊಕೋರ್ ಎಂದಿನ ನಂಬರ್ 8 ಬಿಟ್ಟು ಅಂದು ಮೀಡ್ಸ್ ಜೊತೆ ಲಾಕ್ ಆಗಿ ಆಡಿದರು. ಲಯನ್ಸ್ 13-3ರಿಂದ ಗೆದ್ದಿತು.

1967ರ ಬ್ರಿಟನ್, ಫ್ರಾನ್ಸ್ ಪ್ರವಾಸದಲ್ಲಂತೂ ರೈತರ ಸಂಕಟ ನೇರವಾಗಿ ಮೈದಾನಕ್ಕೇ ಬಂತು. ಆ ಅಕ್ಟೋಬರ್‌ನಲ್ಲಿ ಬ್ರಿಟನ್‌ನಲ್ಲಿ ಕಾಲುಬಾಯಿ ರೋಗ ಹರಡಿ, ತಡೆಯಲು ನಾಲ್ಕು ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಲ್ಲಬೇಕಾಯಿತು. ಬೂಟಿನ ಮಣ್ಣಿನಲ್ಲೂ ದಾಟಬಲ್ಲ ರೋಗ ಅದು. ಐರ್ಲೆಂಡ್ ಅಪಾಯಕ್ಕೆ ಕೈಹಾಕದೆ ಪಂದ್ಯವನ್ನೇ ಬಿಟ್ಟಿತು. ಫ್ರೆಡ್ ಅಲೆನ್ ತರಬೇತಿಯ ಆ ತಂಡ ಇಂಗ್ಲೆಂಡ್, ವೇಲ್ಸ್, ಫ್ರಾನ್ಸ್, ಸ್ಕಾಟ್ಲೆಂಡ್‌ಗಳನ್ನು ಸೋಲಿಸಿಯೂ ಐರ್ಲೆಂಡ್ ವಿರುದ್ಧ ಆಡದೆ ಮರಳಿತು. ಅದೇ ಪ್ರವಾಸದಲ್ಲಿ, ಡಿಸೆಂಬರ್ 2ರಂದು ಮರ್ರೇಫೀಲ್ಡ್‌ನಲ್ಲಿ ಸ್ಕಾಟ್ಲೆಂಡ್‌ನ ಡೇವಿಡ್ ಚಿಜಮ್ ಕಡೆಗೆ ಅಪಾಯಕಾರಿಯಾಗಿ ಕಾಲು ಬೀಸಿದ್ದಕ್ಕೆ ರೆಫರಿ ಕೆವಿನ್ ಕೆಲೆಹರ್ ಮೀಡ್ಸ್ ಅವರನ್ನು ಹೊರಗೆ ಕಳಿಸಿದರು. 1925ರ ನಂತರ ಟೆಸ್ಟ್‌ನಿಂದ ಹೊರಹಾಕಲ್ಪಟ್ಟ ಮೊದಲ ಆಲ್ ಬ್ಲ್ಯಾಕ್ ಅವರು. ಮರುವರ್ಷ ಸಿಡ್ನಿಯಲ್ಲಿ, ನೆಲದ ಮೇಲಿನ ಚೆಂಡಿಗಾಗಿ ಆಟಗಾರರು ಒತ್ತಾಡುವ ರಕ್‌ನಡಿ ಸಿಕ್ಕಿಬಿದ್ದಿದ್ದ ಆಸ್ಟ್ರೇಲಿಯಾದ ಕೆನ್ ಕ್ಯಾಚ್‌ಪೋಲ್ ಅವರ ಕಾಲನ್ನು ಮೀಡ್ಸ್ ಹಿಡಿದೆಳೆದರು. ಸ್ನಾಯು ಹರಿದು ಕ್ಯಾಚ್‌ಪೋಲ್ ಅವರ ಟೆಸ್ಟ್ ಬದುಕೇ ಮುಗಿಯಿತು. ಅಭಿಮಾನಿಗಳು ಇದನ್ನು ಗಟ್ಟಿತನದ ಪಟ್ಟಿಗೆ ಸೇರಿಸುವುದುಂಟು. ಅದು ಸರಿಯಲ್ಲ.

1970ರ ದಕ್ಷಿಣ ಆಫ್ರಿಕಾ ಪ್ರವಾಸದಲ್ಲಿ ಈಸ್ಟರ್ನ್ ಟ್ರಾನ್ಸ್‌ವಾಲ್ ವಿರುದ್ಧ ತೋಳಿನ ಮೂಳೆ ಮುರಿದರೂ ಪಂದ್ಯ ಮುಗಿಯುವವರೆಗೆ ಆಡಿದರು. ಮೊದಲ ಎರಡು ಟೆಸ್ಟ್ ತಪ್ಪಿತು. ತೋಳಿಗೆ ರಕ್ಷಾಪಟ್ಟಿ ಕಟ್ಟಿಕೊಂಡು ಉಳಿದೆರಡು ಆಡಿದರು. ಸರಣಿ 3-1ರಿಂದ ಕೈತಪ್ಪಿತು. 1971ರಲ್ಲಿ, 35ನೇ ವಯಸ್ಸಿನಲ್ಲಿ ನಾಯಕರಾಗಿ ಲಯನ್ಸ್ ಎದುರು ಸರಣಿ ಸೋತರು. ಆ ವರ್ಷಾಂತ್ಯಕ್ಕೆ ವಾಹನ ಅಪಘಾತದಲ್ಲಿ ಬೆನ್ನುಮೂಳೆ ಮುರಿಯಿತು. ಆದರೂ ಮತ್ತೆ ಕಿಂಗ್ ಕಂಟ್ರಿಗೆ ಆಡಿದರು.

ವರ್ಣಭೇದದ ದಕ್ಷಿಣ ಆಫ್ರಿಕಾದ ಜೊತೆಗಿನ ನಂಟು ಅವರ ಬದುಕಿನ ಕಷ್ಟದ ಅಧ್ಯಾಯ. 1960ರ ಪ್ರವಾಸಕ್ಕೆ ನ್ಯೂಜಿಲೆಂಡ್‌ನ ಮೂಲನಿವಾಸಿಗಳಾದ ಮಾವೊರಿ ಆಟಗಾರರನ್ನು ಬಿಟ್ಟೇ ತಂಡ ಹೋಯಿತು, ಮೀಡ್ಸ್ ಅದರಲ್ಲಿದ್ದರು. 1986ರಲ್ಲಿ ರಗ್ಬಿ ಸಂಸ್ಥೆಯ ಅನುಮತಿಯಿಲ್ಲದೆ ದಕ್ಷಿಣ ಆಫ್ರಿಕಾಕ್ಕೆ ಹೋದ ನ್ಯೂಜಿಲೆಂಡ್ ಆಟಗಾರರ ಕ್ಯಾವಲಿಯರ್ಸ್ ತಂಡಕ್ಕೆ ಕೋಚ್ ಆಗಿ, ರಾಷ್ಟ್ರೀಯ ಆಯ್ಕೆಗಾರನ ಸ್ಥಾನ ಕಳೆದುಕೊಂಡರು. ಮಾವೊರಿ ಜನ ದೊಡ್ಡ ಸಂಖ್ಯೆಯಲ್ಲಿರುವ ಸೀಮೆಯಿಂದ ಬಂದವರು ಇದನ್ನು ಬೇರೆ ಥರ ನೋಡಬಹುದಿತ್ತು.

ಇತ್ತ ನೆಲದ ಲೆಕ್ಕವೇ ಬದಲಾಗುತ್ತಿತ್ತು. 1973ರಲ್ಲಿ ಬ್ರಿಟನ್ ಯುರೋಪಿನ ಆರ್ಥಿಕ ಸಮುದಾಯ ಸೇರಿದಾಗ ನ್ಯೂಜಿಲೆಂಡ್ ಮಾಂಸ, ಬೆಣ್ಣೆಗೆ ಇದ್ದ ಖಾತ್ರಿ ಮಾರುಕಟ್ಟೆ ಕುಗ್ಗಿತು. ಬೆಂಬಲ ಬೆಲೆಯ ಆಸರೆಯಲ್ಲಿ ಕುರಿಗಳ ಸಂಖ್ಯೆ 1982ರಲ್ಲಿ 7 ಕೋಟಿ ಮುಟ್ಟಿತು. 1984ರ ನಂತರ ಸಬ್ಸಿಡಿ ಕಿತ್ತುಹಾಕಿದ ಮೇಲೆ ಇಳಿದು ಇಳಿದು ಈಗ ಎರಡೂವರೆ ಕೋಟಿಯ ಆಸುಪಾಸಿನಲ್ಲಿದೆ. ಗುಡ್ಡಗಳಲ್ಲಿ ಪೈನ್ ತೋಪು ಎದ್ದವು, ಜಮೀನುಗಳು ಒಂದಕ್ಕೊಂದು ಸೇರಿ ದೊಡ್ಡದಾದವು, ನಾಲ್ಕು ಜನರ ಕೆಲಸಕ್ಕೆ ಒಬ್ಬ ಸಾಕಾಯಿತು. ಹಳ್ಳಿಯ ಕ್ಲಬ್‌ಗೆ ಹದಿನೈದು ಹುಡುಗರನ್ನು ಹೊಂದಿಸುವುದೇ ಕಷ್ಟವಾಯಿತು. 1995ರ ಆಗಸ್ಟ್‌ನಲ್ಲಿ ರಗ್ಬಿ ಯೂನಿಯನ್, ಅಂದರೆ ಮೀಡ್ಸ್ ಆಡುತ್ತಿದ್ದ ಬಗೆಯ ರಗ್ಬಿ, ವೃತ್ತಿಪರವಾದ ಮೇಲೆ ಆಟಗಾರ ವರ್ಷಪೂರ್ತಿ ನಗರದ ತಂಡದಲ್ಲೇ ಇರಬೇಕಾಯಿತು. ಅದೇ ವರ್ಷದ ವಿಶ್ವಕಪ್‌ಗೆ ತಂಡದ ಮ್ಯಾನೇಜರ್ ಆಗಿದ್ದವರು ಮೀಡ್ಸ್.

ರೈತ ಮನೆತನದ ಹುಡುಗರು ಈಗಲೂ ಬರುತ್ತಾರೆ, ದಾರಿ ಬೇರೆ. 2010ರಿಂದ 2023ರವರೆಗೆ 153 ಟೆಸ್ಟ್ ಆಡಿದ ಲಾಕ್ ಸ್ಯಾಮ್ ವೈಟ್‌ಲಾಕ್ ಮನಾವಟು ಸೀಮೆಯ ಕೃಷಿ ಕುಟುಂಬದವರು. ಅವರ ಅಜ್ಜ ನೆಲ್ಸನ್ ಡಾಲ್ಜೆಲ್ ಕೂಡ 1953-54ರ ಪ್ರವಾಸದ ಲಾಕ್. ಮೊಮ್ಮಗ ಮಾತ್ರ ಹೈಸ್ಕೂಲು ತಂಡ, ಕ್ಯಾಂಟರ್ಬರಿ ಪ್ರಾಂತ್ಯದ ತಂಡ, ವೇತನದ ಕರಾರು ಎಂಬ ಮೆಟ್ಟಿಲು ಹತ್ತಿ ಬಂದರು. ಮೀಡ್ಸ್ ಅವರ 1.92 ಮೀಟರ್‌ಗೆ ಇವತ್ತು ಲಾಕ್ ಜಾಗ ಸಿಗುವುದು ಅನುಮಾನ, ಫ್ಲ್ಯಾಂಕರ್ ಆಗಬಹುದಿತ್ತು.

1999ರಲ್ಲಿ ಮೀಡ್ಸ್ ಅವರನ್ನು ನ್ಯೂಜಿಲೆಂಡ್‌ನ ಶತಮಾನದ ಆಟಗಾರ ಎಂದು ಆರಿಸಿದರು. 2017ರ ಆಗಸ್ಟ್ 20ರಂದು ಅವರು ಟೆ ಕುಯಿಟಿಯಲ್ಲೇ ತೀರಿಕೊಂಡರು. ಸಣ್ಣ ಊರುಗಳ ಯೂನಿಯನ್‌ಗಳಿಗೆಂದು, ಅಂದರೆ ಪ್ರಾಂತೀಯ ರಗ್ಬಿ ಸಂಸ್ಥೆಗಳಿಗೆಂದು, 2006ರಲ್ಲಿ ಶುರುವಾದ ಹಾರ್ಟ್‌ಲ್ಯಾಂಡ್ ಚಾಂಪಿಯನ್‌ಶಿಪ್‌ನಲ್ಲಿ ಕಿಂಗ್ ಕಂಟ್ರಿ ಸೇರಿ 12 ತಂಡಗಳಿವೆ. ಲೀಗ್ ಹಂತದ ಮೊದಲ ನಾಲ್ಕು ತಂಡಗಳು ಮೀಡ್ಸ್ ಕಪ್‌ಗೆ, ನಂತರದ ನಾಲ್ಕು ಲೊಕೋರ್ ಕಪ್‌ಗೆ ಸೆಣಸುತ್ತವೆ. ಅಲ್ಲಿ ಆಡುವವರು ಇಂದಿಗೂ ಹವ್ಯಾಸಿಗಳು; ಪಂದ್ಯಗಳು ನಡೆಯುವುದು ವಸಂತದಲ್ಲಿ, ಜಮೀನಿನಲ್ಲಿ ಮರಿಗಳ ಕೆಲಸ ಇರುವ ಹೊತ್ತಿಗೇ.