ಕರೆಂಟ್ ಹೋದಾಗ ಕೋಡ್ ಎಲ್ಲಿರುತ್ತದೆ?

ಮೂಡಿಗೆರೆಯ ಕಡೆ ಆಷಾಢದ ಮಳೆ ಹಿಡಿಯಿತೆಂದರೆ, ಎಲ್ಲೋ ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು ಯಾರಿಗೂ ಸುದ್ದಿಯಲ್ಲ. ಕಳೆದ ಮಳೆಗಾಲದಲ್ಲಿ ಲಿನಕ್ಸ್ ಹಾಕಿದ ಹಳೆಯ ಡೆಸ್ಕ್‌ಟಾಪಿನಲ್ಲಿ ಪೈಥಾನ್ ಕಲಿಯುತ್ತಿದ್ದ ನನ್ನ ತಂಗಿಯ ಮಗಳು ಹೀಗೆಯೇ ಒಂದು ಸಂಜೆಯ ಕೆಲಸ ಕಳೆದುಕೊಂಡು, "ಮಾವ, ಯಾವ ಎಡಿಟರ್ ಹಾಕಿಕೊಳ್ಳಲಿ?" ಎಂದು ಕೇಳಿದಳು. ಎಡಿಟರ್ ಎಂದರೆ ಕೋಡ್ ಬರೆಯುವ ತಂತ್ರಾಂಶ. ಅದರ ಬಣ್ಣ, ಥೀಮುಗಳ ಮಾತು ಆಮೇಲಿನದು. ಟೈಪಿಸಿದ ಅಕ್ಷರ ಡಿಸ್ಕಿಗೆ ತಲುಪುವುದು ಯಾವಾಗ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ನಾವು ಬರೆದದ್ದು ಸೇವ್ ಮಾಡುವವರೆಗೂ ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲಿರುತ್ತದೆ, ಕರೆಂಟ್ ಹೋದರೆ ಅದೂ ಹೋಗುತ್ತದೆ. ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದ ವಿಮ್ ಎಂಬ ಎಡಿಟರ್ ಇದಕ್ಕೆ ಸ್ವಾಪ್ ಕಡತವೆಂಬ ಉಪಾಯವನ್ನು ಇಟ್ಟುಕೊಂಡಿದೆ. ಮೂಲ ಕಡತದ ಪಕ್ಕದಲ್ಲೇ, ಚುಕ್ಕೆಯಿಂದ ಆರಂಭವಾಗುವ ಹೆಸರಿನಲ್ಲಿ ಅಡಗಿರುವ ಈ ಕಡತಕ್ಕೆ, 200 ಅಕ್ಷರ ಟೈಪಾದಾಗ ಅಥವಾ ನಾವು 4 ಸೆಕೆಂಡು ಕೈ ನಿಲ್ಲಿಸಿದಾಗ, ಹೊಸ ಬದಲಾವಣೆಗಳು ಸೇರುತ್ತವೆ. ಮತ್ತೆ ತೆರೆದಾಗ ವಿಮ್ ದೊಡ್ಡದೊಂದು ಎಚ್ಚರಿಕೆ ತೋರಿಸುತ್ತದೆ. ಹೊಸಬರು ಅದನ್ನು ಕಂಡು ಗಾಬರಿಯಾಗುವುದೇ ಹೆಚ್ಚು, ಆದರೆ ಕಳೆದುಹೋಯಿತೆಂದುಕೊಂಡದ್ದು ಸಿಗುವುದು ಅಲ್ಲಿಯೇ. ಈಮ್ಯಾಕ್ಸ್ ಎಂಬ ಇನ್ನೊಂದು ಎಡಿಟರ್ ಇದೇ ಕೆಲಸವನ್ನು ಸುಮಾರು 300 ಕೀಲಿಯೊತ್ತುಗಳಿಗೊಮ್ಮೆ ಮಾಡುತ್ತದೆ. ಲಿನಕ್ಸಿಗೆ ತಂತ್ರಾಂಶ ಬರೆಯುವ ಕೆಡಿಇ ಬಳಗದ ಎಡಿಟರಾದ ಕೇಟ್‌ನಲ್ಲಿಯೂ ಸ್ವಾಪ್ ಕಡತವಿದೆ.

ಎಡಿಟರ್ ಕನ್ನಡವನ್ನು ಸರಿಯಾಗಿ ತೋರಿಸುತ್ತದೆಯೇ ಎಂಬ ಇನ್ನೊಂದು ಪರೀಕ್ಷೆ ನಮ್ಮ ಊರಿನ ಹೆಸರಿನದು. 'ಚಿಕ್ಕಮಗಳೂರು' ನಮ್ಮ ಕಣ್ಣಿಗೆ 6 ಅಕ್ಷರ, ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ 11 ಸಂಕೇತ, ಅವನ್ನು ಕಡತದಲ್ಲಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ 33 ಬೈಟು. ವಿಮ್ ಸಾಮಾನ್ಯವಾಗಿ ಓಡುವುದು ಟರ್ಮಿನಲ್ ಎಂಬ, ಆಜ್ಞೆ ಟೈಪಿಸುವ ಕಿಟಕಿಯಲ್ಲಿ. ಅದು ಒಂದೇ ಅಗಲದ ಚೌಕಗಳಲ್ಲಿ ಅಕ್ಷರ ಜೋಡಿಸುವುದರಿಂದ, ವಿಮ್ ಎಷ್ಟೇ ಚುರುಕಾಗಿದ್ದರೂ ಅನೇಕ ಟರ್ಮಿನಲ್‌ಗಳಲ್ಲಿ 'ಕ್ಕ'ದ ಒತ್ತು ಚದುರುತ್ತದೆ, ಕರ್ಸರ್ ಒಂದು ಕಡೆ ಕಂಡು ಅಳಿಸುವುದು ಇನ್ನೊಂದು ಕಡೆಯಾಗುತ್ತದೆ. ಕನ್ನಡದಲ್ಲಿ ಕಮೆಂಟ್ ಬರೆಯುವವರಿಗೆ ಕೇಟ್‌ನಂತೆ ತನ್ನದೇ ಕಿಟಕಿಯಲ್ಲಿ ತೆರೆಯುವ ಎಡಿಟರೇ ವಾಸಿ.

ಎಲ್ಲರ ಬಾಯಲ್ಲೂ ಇರುವ, ಮೈಕ್ರೋಸಾಫ್ಟಿನ ಎಡಿಟರಾದ ವಿಎಸ್ ಕೋಡ್‌ನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಅದರ ಮೂಲಸಂಕೇತ ಎಂಐಟಿ ಪರವಾನಗಿಯಲ್ಲಿ ಮುಕ್ತವಾಗಿದ್ದರೂ, ಮೈಕ್ರೋಸಾಫ್ಟ್ ಕಟ್ಟಿಕೊಡುವ ಸಿದ್ಧ ತಂತ್ರಾಂಶಕ್ಕೆ ಆ ಕಂಪನಿಯದೇ ಬೇರೆ ಪರವಾನಗಿ ಇದ್ದು, ಬಳಕೆಯ ಮಾಹಿತಿ ಕಳುಹಿಸುವ ವ್ಯವಸ್ಥೆಯೂ ಅದರೊಳಗಿದೆ. ಅದೇ ಮೂಲಸಂಕೇತದಿಂದ, ಆ ವ್ಯವಸ್ಥೆಯನ್ನು ನಿಲ್ಲಿಸಿ ಕಟ್ಟಿದ್ದು ವಿಎಸ್‌ಕೋಡಿಯಮ್. ಎರಡರೊಳಗೂ ಕ್ರೋಮಿಯಂ ಬ್ರೌಸರಿನ ಯಂತ್ರವೇ ಕುಳಿತಿರುವುದರಿಂದ, 4 ಜಿಬಿ ರ‍್ಯಾಮ್‌ನ ಹಳೆಯ ಯಂತ್ರಕ್ಕೆ ಅವು ಭಾರ. ತಪ್ಪು ತೋರಿಸುವ, ಹೆಸರು ಪೂರ್ಣಗೊಳಿಸುವ ಜಾಣತನಕ್ಕಾಗಿಯೇ ಅವನ್ನು ಹಾಕಿಕೊಳ್ಳಬೇಕಾಗಿಯೂ ಇಲ್ಲ; 2016ರಲ್ಲಿ ಬಂದ, ಎಡಿಟರೂ ಹೊರಗಿನ ಪ್ರೋಗ್ರಾಮೂ ಮಾತಾಡಿಕೊಳ್ಳುವ ನಿಯಮವಾದ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್‌ನಿಂದಾಗಿ ಆ ಕೆಲಸ ಎಡಿಟರಿನ ಹೊರಗಿನ ಪ್ರತ್ಯೇಕ ಪ್ರೋಗ್ರಾಮಿನದಾಗಿದ್ದು, ಕೇಟ್, ವಿಮ್‌ನಿಂದ ಕವಲೊಡೆದ ನಿಯೋವಿಮ್, ಈಮ್ಯಾಕ್ಸ್ ಎಲ್ಲವೂ ಅದನ್ನು ಬಳಸಿಕೊಳ್ಳಬಲ್ಲವು.

ಹುಡುಗಿ ಕೇಟ್ ಹಾಕಿಕೊಂಡಳು. ಪ್ಲಗ್ ಕಿತ್ತು ಪರೀಕ್ಷಿಸಲು ಹೊರಟವಳನ್ನು ತಡೆದು, ಅದರಿಂದ ಡಿಸ್ಕಿಗೇ ಪೆಟ್ಟಾದೀತೆಂದು ಹೇಳಿ, ಹೆಸರು ಕೊಟ್ಟು ಸೇವ್ ಮಾಡಿದ ಕಡತದಲ್ಲಿ ಇನ್ನೂ ಹತ್ತು ಸಾಲು ಬರೆಸಿ, ಸ್ವಲ್ಪ ಹೊತ್ತು ಕಾಯಿಸಿ, ಟರ್ಮಿನಲ್‌ನಿಂದ ಎಡಿಟರನ್ನು ಬಲವಂತವಾಗಿ ನಿಲ್ಲಿಸಿದೆವು. ಮತ್ತೆ ತೆರೆದಾಗ, ಕಡತ ಸರಿಯಾಗಿ ಮುಚ್ಚಿರಲಿಲ್ಲವೆಂಬ ಸಂದೇಶ ಕಿಟಕಿಯ ಮೇಲ್ಭಾಗದಲ್ಲಿ ಕಾಣಿಸಿತು. ಮರಳಿ ಪಡೆಯುವ ಗುಂಡಿ ಒತ್ತಿದಾಗ ಹತ್ತೂ ಸಾಲು ಬಂದವು.