ಸಸ್ಯಜನ್ಯ ಮಾಂಸ, ಸಸ್ಯಜನ್ಯ ಹಾಲು: ಮೆಚ್ಚಿದವರೂ ಮತ್ತೆ ಏಕೆ ಕೊಳ್ಳುವುದಿಲ್ಲ?

ಪ್ರಶ್ನೆ: ಸಸ್ಯಜನ್ಯ ಮಾಂಸ ಮತ್ತು ಹಾಲು, ಅಂದರೆ ಬಟಾಣಿ, ಸೋಯಾ, ಬಾದಾಮಿ ಮೊದಲಾದವುಗಳಿಂದ ಮಾಡಿದ ಬದಲಿ ಪದಾರ್ಥಗಳ ವಿಷಯ ಬಂದರೆ ಪರಿಸರಕ್ಕೆ ಒಳ್ಳೆಯದು, ಪ್ರಾಣಿಗಳಿಗೂ ಒಳ್ಳೆಯದು ಎಂದು ಬಹಳ ಮಂದಿ ಹೇಳುತ್ತಾರೆ. ಆದರೆ ಒಮ್ಮೆ ಕೊಂಡು ರುಚಿ ನೋಡಿದವರಲ್ಲಿ ಮತ್ತೆ ಕೊಳ್ಳುವವರು ಕಡಿಮೆ. ಹಾಗಾದರೆ ಅವರು ಹೇಳಿದ್ದು ಬಾಯಿಮಾತೇ?

ಉತ್ತರ: ಬಾಯಿಮಾತೆಂದು ತಳ್ಳಿಹಾಕಬೇಕಿಲ್ಲ. ಅಭಿಪ್ರಾಯ ಕೇಳಿದಾಗ ಮನುಷ್ಯ ತಾನು ನಂಬಿದ್ದನ್ನು ಹೇಳುತ್ತಾನೆ. ಚೀಲ ಹಿಡಿದು ಅಂಗಡಿಯಲ್ಲಿ ನಿಂತಾಗ ಆತನಿಗೆ ನೆನಪಾಗುವುದು ಇಂದಿನ ಅಡುಗೆ, ಕೈಯಲ್ಲಿರುವ ಹಣ ಮತ್ತು ಮನೆಯವರು ಉಣ್ಣುತ್ತಾರೋ ಇಲ್ಲವೋ ಎಂಬ ಚಿಂತೆ. ಮೊದಲ ಖರೀದಿಗೆ ಕುತೂಹಲ ಸಾಕು. ಎರಡನೆಯ ಖರೀದಿಯನ್ನು ನಿರ್ಧರಿಸುವುದು ರುಚಿ ಮತ್ತು ಬೆಲೆ.

ಅಮೆರಿಕದ ಬಿಯಾಂಡ್ ಮೀಟ್ ಕಂಪನಿಯ ಕಥೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಬಟಾಣಿಯ ಪ್ರೋಟೀನ್‌ನಿಂದ ಬರ್ಗರ್ ಮಾಡುವ ಈ ಕಂಪನಿಯ ಷೇರು 2019ರ ಮೇ ತಿಂಗಳಲ್ಲಿ 25 ಡಾಲರಿಗೆ ಮಾರುಕಟ್ಟೆಗೆ ಬಂದು, ಮೊದಲ ದಿನವೇ 65 ಡಾಲರ್ ದಾಟಿ, ಜುಲೈ ವೇಳೆಗೆ 200 ಡಾಲರನ್ನೂ ಮೀರಿತು. ಅದೇ ವರ್ಷ ಬರ್ಗರ್ ಕಿಂಗ್ ಎಂಬ ಹೋಟೆಲ್ ಸರಪಳಿಯು ಇಂಪಾಸಿಬಲ್ ಫುಡ್ಸ್ ಎಂಬ ಕಂಪನಿ ತಯಾರಿಸಿದ ಸಸ್ಯಜನ್ಯ ಬರ್ಗರನ್ನು ಅಮೆರಿಕದಾದ್ಯಂತ ಮಾರಲು ತೊಡಗಿತು. ಸೋಯಾ ಗಿಡದ ಬೇರಿನ ಗಂಟುಗಳಲ್ಲಿರುವ, ರಕ್ತದ ಹಿಮೋಗ್ಲೋಬಿನ್ನಿಗೆ ಹತ್ತಿರದ ಒಂದು ಪ್ರೋಟೀನನ್ನು ಯೀಸ್ಟ್‌ನ ಮೂಲಕ ತಯಾರಿಸಿ, ಅದರಿಂದ ಮಾಂಸದ ಬಣ್ಣ ಮತ್ತು ವಾಸನೆಯನ್ನು ತಂದುಕೊಳ್ಳುವಷ್ಟು ತಂತ್ರಜ್ಞಾನ ಮುಂದುವರಿದಿತ್ತು. ಇಷ್ಟಾಗಿಯೂ ಬಿಯಾಂಡ್ ಮೀಟ್‌ನ ವಾರ್ಷಿಕ ವರಮಾನ 2021ರಲ್ಲಿ ಸುಮಾರು 46 ಕೋಟಿ ಡಾಲರಿಗೆ ಮುಟ್ಟಿ, ಅಲ್ಲಿಂದ ಇಳಿಯುತ್ತಾ 2024ರಲ್ಲಿ 33 ಕೋಟಿಗಿಂತ ಕಡಿಮೆಯಾಯಿತು. ಮೆಕ್‌ಡೊನಾಲ್ಡ್ಸ್ 2022ರಲ್ಲಿ ಅಮೆರಿಕದ ಸುಮಾರು 600 ಮಳಿಗೆಗಳಲ್ಲಿ ಸಸ್ಯಜನ್ಯ ಬರ್ಗರನ್ನು ಪರೀಕ್ಷೆಗೆ ಇಟ್ಟು, ಮುಂದುವರಿಸದೆ ಕೈಬಿಟ್ಟಿತು.

ಈ ಬರ್ಗರ್‌ಗಳನ್ನು ಕೊಂಡವರಲ್ಲಿ ಹೆಚ್ಚಿನವರು ಮಾಂಸಾಹಾರಿಗಳೇ ಎಂಬುದನ್ನು ಇಲ್ಲಿ ಮರೆಯಬಾರದು. ಅವರ ಮನೆಯಲ್ಲಿ ನಿಜವಾದ ಮಾಂಸವೂ ಬೇಯುತ್ತದೆ. ಆದ್ದರಿಂದ ಪ್ರತಿ ತುತ್ತೂ ಮೂಲದೊಡನೆ ಹೋಲಿಕೆಗೆ ಸಿಗುತ್ತದೆ. ಹೋಲಿಕೆಯಲ್ಲಿ ಸ್ವಲ್ಪ ಹಿಂದೆ, ಬೆಲೆಯಲ್ಲಿ ಬಹಳ ಮುಂದೆ ಇರುವ ಪದಾರ್ಥವನ್ನು ವಾರವಾರವೂ ಕೊಳ್ಳಬೇಕೆಂದರೆ ಬಲವಾದ ನಂಬಿಕೆಯೇ ಬೇಕು. ಹುಟ್ಟು ಸಸ್ಯಾಹಾರಿಗೋ ಮಾಂಸವನ್ನು ಹೋಲುವುದೇ ಒಂದು ಅಡ್ಡಿ; ಆತ ಮಾಂಸದ ವಾಸನೆಯನ್ನು ಹುಡುಕಿಕೊಂಡು ಹೋಗುವವನಲ್ಲ. ನಮ್ಮಲ್ಲಿ ಮೀಲ್ ಮೇಕರ್ ಎಂದು ಕರೆಯುವ ಸೋಯಾ ಉಂಡೆಗಳು ಮನೆಮನೆಗೆ ಬಂದದ್ದು, ಅವು ಯಾವುದರ ನಕಲೂ ಎನ್ನಿಸಿಕೊಳ್ಳದೆ ಪಲಾವಿಗೋ ಸಾಗುವಿಗೋ ಬೀಳುವ ಅಗ್ಗದ ಪದಾರ್ಥವಾಗಿದ್ದರಿಂದ ಎಂದು ನನ್ನ ಊಹೆ.

ಬೆಲೆ ಎಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಜರ್ಮನಿಯಲ್ಲಿ ನೋಡಬಹುದು. ಅಲ್ಲಿ ಲಿಡ್ಲ್ ಎಂಬ ಅಗ್ಗದ ಅಂಗಡಿಗಳ ಸರಪಳಿ 2023ರ ಅಕ್ಟೋಬರಿನಲ್ಲಿ ತನ್ನದೇ ಹೆಸರಿನ ಬಹುತೇಕ ಸಸ್ಯಜನ್ಯ ಪದಾರ್ಥಗಳ ಬೆಲೆಯನ್ನು ಪ್ರಾಣಿಜನ್ಯ ಪದಾರ್ಥಗಳ ಮಟ್ಟಕ್ಕೆ ಇಳಿಸಿತು. ಸುಮಾರು ಆರು ತಿಂಗಳಲ್ಲಿ ಮಾರಾಟ 30%ಕ್ಕೂ ಹೆಚ್ಚು ಏರಿತೆಂದು ಕಂಪನಿ ಹೇಳಿತು. ಆ ಆರು ತಿಂಗಳಲ್ಲಿ ಜರ್ಮನರ ಪರಿಸರಪ್ರಜ್ಞೆ ಅಷ್ಟು ಪಾಲು ಬೆಳೆದಿರಲಾರದು.

ಹೆಸರಿನ ಕೆಲಸವೂ ಸಣ್ಣದಲ್ಲ. ಬ್ರಿಟನ್ನಿನ ಸೇನ್ಸ್‌ಬರೀಸ್ ಅಂಗಡಿಗಳ ಕೆಫೆಗಳಲ್ಲಿ 'ಮಾಂಸರಹಿತ ಸಾಸೇಜ್' ಎಂದಿದ್ದ ತಿನಿಸಿಗೆ ಕಂಬರ್‌ಲ್ಯಾಂಡ್ ಪ್ರಾಂತ್ಯದ ಮಸಾಲೆಯ ಹೆಸರು ಸೇರಿಸಿ ಬರೆದಾಗ ಅದರ ಮಾರಾಟ 76% ಹೆಚ್ಚಿತು. ಪಟ್ಟಿಯಲ್ಲಿ ಬದಲಾದದ್ದು ಹೆಸರೊಂದೇ. 'ರಹಿತ' ಎಂಬ ಪದ ಏನೋ ಕಳೆದುಕೊಂಡ ಭಾವನೆಯನ್ನು ಹುಟ್ಟಿಸುತ್ತದೆ, ಮಸಾಲೆ ಮತ್ತು ಊರಿನ ಹೆಸರು ಬಾಯಲ್ಲಿ ನೀರೂರಿಸುತ್ತದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಕ್ಯಾಂಟೀನುಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಊಟದ ಆಯ್ಕೆಗಳಲ್ಲಿ ಸಸ್ಯಾಹಾರದ ಪಾಲನ್ನು ಕಾಲುಭಾಗದಿಂದ ಅರ್ಧಕ್ಕೆ ಏರಿಸಿದಾಗ ಸಸ್ಯಾಹಾರದ ಊಟಗಳ ಮಾರಾಟ 41%ರಿಂದ 79%ರಷ್ಟು ಹೆಚ್ಚಿತು. ಯಾರಿಗೂ ಉಪದೇಶ ಮಾಡದೆಯೇ ಆದ ಬದಲಾವಣೆ ಅದು.

ಹಾಲಿನ ವಿಷಯದಲ್ಲಿ ಚಿತ್ರ ಬೇರೆ. ಅಮೆರಿಕದ ಚಿಲ್ಲರೆ ಅಂಗಡಿಗಳಲ್ಲಿ ಹಾಲಿಗೆ ಖರ್ಚಾಗುವ ಹಣದಲ್ಲಿ ಸುಮಾರು ಏಳನೆಯ ಒಂದು ಭಾಗ ಬಾದಾಮಿ, ಓಟ್ಸ್, ಸೋಯಾ ಮೊದಲಾದವುಗಳ ಹಾಲಿಗೆ ಹೋಗುತ್ತದೆ. ಮಾಂಸದಲ್ಲಿ ಸಸ್ಯಜನ್ಯದ ಪಾಲು 1%ರ ಆಸುಪಾಸಿನಲ್ಲಷ್ಟೇ ಇದೆ. ಹಾಲು ಕಾಫಿಗೋ ಕಾರ್ನ್‌ಫ್ಲೇಕ್ಸ್ ಬಟ್ಟಲಿಗೋ ಬೆರೆಯುವ ವಸ್ತುವಾದ್ದರಿಂದ ಅದರ ಕೊರತೆ ನಾಲಿಗೆಗೆ ಬೇಗ ತಿಳಿಯುವುದಿಲ್ಲ. ಜೊತೆಗೆ ಹಾಲಿನ ಸಕ್ಕರೆ ಜೀರ್ಣವಾಗದವರಿಗೆ ಇದು ಹೊಟ್ಟೆಯ ಪ್ರಶ್ನೆಯೂ ಹೌದು, ಮತ್ತು ಹೊಟ್ಟೆನೋವು ಯಾವ ಜಾಹೀರಾತಿಗಿಂತಲೂ ಬೇಗ ಅಭ್ಯಾಸವನ್ನು ಬದಲಿಸುತ್ತದೆ. ಫಿಲ್ಟರ್ ಕಾಫಿಯ ಬಿಸಿ ಡಿಕಾಕ್ಷನ್ನಿಗೆ ಸೋಯಾ ಹಾಲು ಸುರಿದು ಅದು ಒಡೆದದ್ದನ್ನು ಕಂಡವರು ಮಾತ್ರ ಕೊರತೆ ಬೇಗ ತಿಳಿಯುವುದಿಲ್ಲವೆಂಬ ಮಾತನ್ನು ಅರ್ಧವಷ್ಟೇ ಒಪ್ಪಿಯಾರು. ಡಿಕಾಕ್ಷನ್ನಿನ ಹುಳಿ ಮತ್ತು ಬಿಸಿ ಸೇರಿ ಪ್ರೋಟೀನನ್ನು ಗಂಟುಗಟ್ಟಿಸುತ್ತವೆ. ಕಾಫಿಗೆಂದೇ ಮಾರುವ ಸಸ್ಯಜನ್ಯ ಹಾಲಿನಲ್ಲಿ ಹುಳಿಯನ್ನು ಹದಮಾಡುವ ಲವಣಗಳಿರುವುದು ಈ ಕಾರಣಕ್ಕೆ. ಇನ್ನೊಂದು ಮಾತು: ಅಂಗಡಿಯ ಬಾದಾಮಿ ಹಾಲಿನಲ್ಲಿ ಸಾಮಾನ್ಯವಾಗಿ ಪ್ರೋಟೀನ್ ತೀರಾ ಕಡಿಮೆ, ಸೋಯಾ ಹಾಲು ಹಸುವಿನ ಹಾಲಿನ ಹತ್ತಿರ ಬರುತ್ತದೆ.

ಭಾರತದಲ್ಲಿ ಇವನ್ನು ಹಾಲು ಎಂದು ಕರೆಯುವುದಕ್ಕೇ ತಡೆಯಿದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2021ರಲ್ಲಿ, ಸಸ್ಯಜನ್ಯ ಪಾನೀಯಗಳ ಮೇಲೆ ಹಾಲು ಎಂಬ ಪದ ಬಳಸಬಾರದೆಂದು ಸೂಚಿಸಿತು. ಯುರೋಪಿನ ನ್ಯಾಯಾಲಯವೂ 2017ರಲ್ಲಿ ಇಂಥದೇ ತೀರ್ಪು ಕೊಟ್ಟಿತ್ತು. ಎರಡೂ ಕಡೆ ತೆಂಗಿನ ಹಾಲಿಗೆ ವಿನಾಯಿತಿ ಇದೆ. ಒತ್ತು ಶ್ಯಾವಿಗೆಗೆ ಕಾಯಿಹಾಲು ಹಾಕಿಕೊಳ್ಳುವವರು ಅದನ್ನು ಹಸುವಿನ ಹಾಲಿಗೆ ಬದಲಿ ಎಂದು ಭಾವಿಸಿಲ್ಲವಾದ್ದರಿಂದ, ಅಲ್ಲಿ ಗೊಂದಲಕ್ಕೆ ಎಡೆಯೇ ಇಲ್ಲ.

ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ಅಡ್ಡಿ ಬೆಲೆಯೇ. 2025ರ ಸೆಪ್ಟೆಂಬರ್ 22ರಿಂದ ಸಸ್ಯಜನ್ಯ ಹಾಲಿನ ಪಾನೀಯಗಳ ಮೇಲಿನ ಜಿಎಸ್‌ಟಿ 18%ರಿಂದ 5%ಕ್ಕೆ, ಸೋಯಾ ಪಾನೀಯಗಳ ಮೇಲಿನದು 12%ರಿಂದ 5%ಕ್ಕೆ ಇಳಿದಿದೆ. ಆದರೂ ಬಾದಾಮಿ ಹಾಲಿನ ಪೊಟ್ಟಣದ ಬೆಲೆ ಲೀಟರಿಗೆ ನಂದಿನಿ ಹಾಲಿನ ಹಲವು ಪಟ್ಟು. ಕರ್ನಾಟಕದಲ್ಲಿ ಹಾಲು ಉತ್ಪಾದಕರಿಗೆ ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ, ಬೆಳಿಗ್ಗೆ ಏಳುವ ಮೊದಲೇ ಹಾಲಿನ ಪ್ಯಾಕೆಟ್ಟು ಬಾಗಿಲಿಗೆ ಬಂದು ಬೀಳುತ್ತದೆ. ದಿನಕ್ಕೆ ಎರಡು ಲೀಟರ್ ಹಾಲು ಕೊಳ್ಳುವ ಮನೆಯವರು ಓಟ್ಸ್ ಹಾಲನ್ನು ಮನಸಾರೆ ಹೊಗಳಿ, ಮರುದಿನವೂ ನೀಲಿ ಪ್ಯಾಕೆಟ್ಟನ್ನೇ ಒಳಗೆ ತೆಗೆದುಕೊಂಡರೆ, ಅವರ ಹೊಗಳಿಕೆಯನ್ನು ಅನುಮಾನಿಸಲು ಕಾರಣವಿಲ್ಲ.