ಮೂರು ಜಿಲ್ಲೆಗೆ ಒಂದು ಪೆಟಾಬೈಟ್

ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಲ್ಲಿ ಸಂಶೋಧನೆ ನಡೆಸುವ ಸಂಸ್ಥೆಗಳಿಗೆ ಇಂದು ಕೊರತೆಯಿಲ್ಲ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಬೆಳಗಾವಿಯಲ್ಲಿದೆ, ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ ಅಲ್ಲಿಯೇ ಇದೆ. ಬಾಗಲಕೋಟೆಯಲ್ಲಿ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ವಿಜಯಪುರದಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಜೊತೆಗೆ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳಿವೆ. ಆದರೆ ಇಂಥ ಸಂಸ್ಥೆಗಳಲ್ಲಿ ಹುಟ್ಟುವ ದತ್ತಾಂಶ ಕೊನೆಗೆ ಎಲ್ಲಿ ಉಳಿಯುತ್ತದೆ ಎಂದು ಕೇಳಿದರೆ, ನಮ್ಮ ದೇಶದ ಹೆಚ್ಚಿನ ಕ್ಯಾಂಪಸ್ಸುಗಳಂತೆ ಇಲ್ಲಿಯೂ ಸಂಶೋಧನಾ ವಿದ್ಯಾರ್ಥಿಯ ಚೀಲದಲ್ಲಿರುವ ಪೋರ್ಟಬಲ್ ಹಾರ್ಡ್‌ಡಿಸ್ಕಿನತ್ತ ಅಥವಾ ವಿಭಾಗದ ಅಲ್ಮೇರಾದತ್ತ ಬೆರಳು ತೋರಿಸುವುದೇ ಸಾಮಾನ್ಯ. ವಿದ್ಯಾರ್ಥಿ ಪದವಿ ಪಡೆದು ಊರು ಬಿಟ್ಟರೆ ದತ್ತಾಂಶವೂ ಊರು ಬಿಡುತ್ತದೆ.

ದತ್ತಾಂಶದ ಗಾತ್ರವಾದರೋ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಇದೆ. ಒಬ್ಬ ಮನುಷ್ಯನ ಸಂಪೂರ್ಣ ಜೀನೋಮನ್ನು ಸಾಮಾನ್ಯ ರೂಢಿಯಂತೆ 30 ಪಟ್ಟು ಆಳದಲ್ಲಿ ಓದಿದರೆ ಸುಮಾರು 100 ಗಿಗಾಬೈಟ್ ಕಚ್ಚಾ ದತ್ತಾಂಶ ಬರುತ್ತದೆ. ದಾಳಿಂಬೆ ತೋಟದ ಮೇಲೆ ಡ್ರೋನ್ ಹಾರಿಸಿ ದುಂಡಾಣು ಅಂಗಮಾರಿ ರೋಗ ಹರಡುವ ಬಗೆಯನ್ನು ಹಂಗಾಮಿನುದ್ದಕ್ಕೂ ಚಿತ್ರಿಸಿದರೆ, ಬಾದಾಮಿಯ ಗುಹಾಲಯಗಳ ಗೋಡೆಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿದರೆ, ಆಸ್ಪತ್ರೆಯ ಸಿ.ಟಿ. ಚಿತ್ರಗಳನ್ನು ಹತ್ತು ವರ್ಷ ಕಾಯ್ದಿಟ್ಟರೆ, ಇವೆಲ್ಲ ಸೇರಿ ಒಂದು ಪೆಟಾಬೈಟ್, ಅಂದರೆ ಹತ್ತು ಲಕ್ಷ ಗಿಗಾಬೈಟ್, ಆಗುವುದು ದೂರದ ಮಾತಲ್ಲ. ಅಷ್ಟನ್ನು ಕಡಿಮೆ ಹಣದಲ್ಲಿ ಭದ್ರವಾಗಿ ಇಡುವುದು ಹೇಗೆ ಎಂಬುದೇ ಇಲ್ಲಿ ಚರ್ಚಿಸಬೇಕಾದ ವಿಷಯ. ಬಾಡಿಗೆಯ ಕ್ಲೌಡ್ ಒಂದು ದಾರಿ ನಿಜ. ಆದರೆ ತಿಂಗಳ ಬಾಡಿಗೆ ಎಂದೂ ನಿಲ್ಲುವುದಿಲ್ಲ, ಇಟ್ಟದ್ದನ್ನು ಹೊರಗೆ ತೆಗೆಯಲು ಪ್ರತ್ಯೇಕ ಶುಲ್ಕ ಕೊಡಬೇಕಾಗುವುದೂ ಉಂಟು, ಮೂರು ವರ್ಷಕ್ಕೆ ಮುಗಿಯುವ ಸಂಶೋಧನಾ ಅನುದಾನಕ್ಕೂ ಅಂತ್ಯವಿಲ್ಲದ ಬಾಡಿಗೆಗೂ ಹೊಂದಿಕೆಯಾಗುವುದಿಲ್ಲ.

ಒಳ್ಳೆಯ, ಎಂದೂ ಕೆಡದ ಡಿಸ್ಕನ್ನು ಕೊಳ್ಳಬೇಕು ಎಂಬ ಸಹಜ ಬುದ್ಧಿಯನ್ನು ಗಣಕ ವಿಜ್ಞಾನಿಗಳು ಕೈಬಿಟ್ಟು ಬಹಳ ಕಾಲವಾಯಿತು. ಅಮೆರಿಕದ ಬರ್ಕ್ಲಿಯಲ್ಲಿ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 1988ರಲ್ಲಿ ಪ್ರಕಟಿಸಿದ ಪ್ರಬಂಧವು, ಒಂದು ದುಬಾರಿ ಡಿಸ್ಕಿನ ಬದಲು ಅನೇಕ ಅಗ್ಗದ ಡಿಸ್ಕುಗಳನ್ನು ಜೋಡಿಸಿ, ಅವುಗಳಲ್ಲಿ ಸ್ವಲ್ಪ ಭಾಗವನ್ನು ಹೆಚ್ಚುವರಿ ಮಾಹಿತಿಗೆ ಮೀಸಲಿಟ್ಟರೆ ಸಾಕು ಎಂದು ತೋರಿಸಿತು. 2003ರಲ್ಲಿ ಗೂಗಲ್ ತನ್ನ ಕಡತ ವ್ಯವಸ್ಥೆಯನ್ನು ವಿವರಿಸಿದಾಗ ಯಂತ್ರ ಕೆಡುವುದು ಅಪವಾದವಲ್ಲ, ದಿನನಿತ್ಯದ ಸಂಗತಿ ಎಂದೇ ಹಿಡಿದು ವಿನ್ಯಾಸ ಮಾಡಿತ್ತು. ಡಿಸ್ಕುಗಳು ಎಷ್ಟು ಕೆಡುತ್ತವೆ ಎಂಬುದಕ್ಕೂ ಲೆಕ್ಕವಿದೆ. ತಯಾರಕರು ಹೇಳುವ ಹತ್ತು ಲಕ್ಷ ಗಂಟೆಗಳ ಸರಾಸರಿ ಬಾಳಿಕೆಯ ಪ್ರಕಾರ ವರ್ಷಕ್ಕೆ ನೂರರಲ್ಲಿ ಒಂದು ಡಿಸ್ಕೂ ಕೆಡಬಾರದು. ಆದರೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಿಯಾಂಕ ಶ್ರೋಡರ್ ಮತ್ತು ಅದೇ ಗಾರ್ತ್ ಗಿಬ್ಸನ್ 2007ರಲ್ಲಿ ಸುಮಾರು ಒಂದು ಲಕ್ಷ ಡಿಸ್ಕುಗಳ ದಾಖಲೆಗಳನ್ನು ಪರಿಶೀಲಿಸಿದಾಗ ವರ್ಷಕ್ಕೆ ಶೇ. 2ರಿಂದ 4ರಷ್ಟನ್ನು ಬದಲಿಸಬೇಕಾಗುವುದು ಸಾಮಾನ್ಯವೆಂದೂ, ಕೆಲವೆಡೆ ಅದು ಶೇ. 13ನ್ನು ಮುಟ್ಟಿದೆಯೆಂದೂ ಕಂಡುಬಂತು. ಆದ್ದರಿಂದ ನೂರು ಡಿಸ್ಕುಗಳ ವ್ಯವಸ್ಥೆ ಕಟ್ಟುವವರು ವರ್ಷಕ್ಕೆ ಎರಡರಿಂದ ನಾಲ್ಕು ಸಾವುಗಳನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು.

ಡಿಸ್ಕ್ ಸತ್ತರೂ ದತ್ತಾಂಶ ಸಾಯದಂತೆ ಮಾಡುವ ಸರಳ ಉಪಾಯವೆಂದರೆ ಮೂರು ಪ್ರತಿಗಳನ್ನು ಇಡುವುದು. ಗೂಗಲ್ ಮೊದಲಿಗೆ ಮಾಡಿದ್ದೂ ಅದನ್ನೇ. ಆದರೆ ಒಂದು ಪೆಟಾಬೈಟಿಗೆ ಮೂರು ಪೆಟಾಬೈಟ್ ಜಾಗ ಕೊಳ್ಳುವುದು ಬಡ ವಿಶ್ವವಿದ್ಯಾಲಯದ ಕೆಲಸವಲ್ಲ. ಇಲ್ಲಿ ನೆರವಿಗೆ ಬರುವುದು ಪ್ರೌಢಶಾಲೆಯ ಗಣಿತ. 3 ಮತ್ತು 5 ಎಂಬ ಎರಡು ಸಂಖ್ಯೆಗಳನ್ನು ಕಾಯ್ದಿಡಬೇಕಾಗಿದೆ ಎಂದಿಟ್ಟುಕೊಳ್ಳೋಣ. ನಕ್ಷೆಯ ಹಾಳೆಯಲ್ಲಿ ಒಂದನೆಯ ಸ್ಥಾನದ ಮೇಲೆ 3ರ ಎತ್ತರದಲ್ಲಿ, ಎರಡನೆಯ ಸ್ಥಾನದ ಮೇಲೆ 5ರ ಎತ್ತರದಲ್ಲಿ ಚುಕ್ಕೆಯಿಟ್ಟು ಅವುಗಳ ಮೂಲಕ ಸರಳರೇಖೆ ಎಳೆದರೆ, ಆ ರೇಖೆ ಮೂರನೆಯ ಸ್ಥಾನದಲ್ಲಿ 7ನ್ನೂ ನಾಲ್ಕನೆಯ ಸ್ಥಾನದಲ್ಲಿ 9ನ್ನೂ ಮುಟ್ಟುತ್ತದೆ. ಈಗ 3, 5, 7, 9 ಈ ನಾಲ್ಕನ್ನೂ ನಾಲ್ಕು ಬೇರೆ ಬೇರೆ ಡಿಸ್ಕುಗಳಲ್ಲಿ ಇಡೋಣ. ಮೊದಲ ಎರಡು ಡಿಸ್ಕುಗಳು ಒಟ್ಟಿಗೇ ಕೆಟ್ಟುಹೋದರೂ ಉಳಿದ 7 ಮತ್ತು 9ರ ಮೂಲಕ ಅದೇ ರೇಖೆಯನ್ನು ಮತ್ತೆ ಎಳೆಯಬಹುದು. ಹಿಂದಕ್ಕೆ ನಡೆದರೆ 5 ಮತ್ತು 3 ಮರಳಿ ಸಿಗುತ್ತವೆ. ಯಾವ ಎರಡು ಉಳಿದರೂ ಸಾಕು, ಏಕೆಂದರೆ ಎರಡು ಬಿಂದುಗಳ ಮೂಲಕ ಒಂದೇ ಒಂದು ಸರಳರೇಖೆ ಹಾದುಹೋಗಬಲ್ಲದು. ರೇಖೆಯ ಬದಲು ನಾಲ್ಕನೆಯ ಘಾತದ ವಕ್ರರೇಖೆಯನ್ನು ಹಿಡಿದರೆ ಅದನ್ನು ನಿಶ್ಚಯಿಸಲು ಐದು ಬಿಂದುಗಳು ಬೇಕು. ಅದರ ಮೇಲಿನ ಒಂಬತ್ತು ಬಿಂದುಗಳನ್ನು ಇಟ್ಟುಕೊಂಡರೆ ಅವುಗಳಲ್ಲಿ ಯಾವ ನಾಲ್ಕು ಕಳೆದುಹೋದರೂ ನಷ್ಟವಿಲ್ಲ. ಸಂಖ್ಯೆಗಳು ಮಿತಿಮೀರಿ ಬೆಳೆಯದಂತೆ ಗಣಕಗಳು ಈ ಲೆಕ್ಕವನ್ನು ಸೀಮಿತ ಸಂಖ್ಯಾವ್ಯವಸ್ಥೆಯೊಂದರಲ್ಲಿ ಮಾಡುತ್ತವೆ, ಅಷ್ಟೇ ವ್ಯತ್ಯಾಸ. ಅರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ 1960ರಲ್ಲಿ ರೂಪಿಸಿದ ಈ ಸಂಕೇತವಿಧಾನವೇ ಗೀಚುಬಿದ್ದ ಸಿ.ಡಿ.ಯನ್ನೂ ಮೂಲೆ ಹರಿದ ಕ್ಯೂಆರ್ ಕೋಡನ್ನೂ ಓದಿಸುತ್ತದೆ. ಸಂಗ್ರಹಣೆಯ ಕ್ಷೇತ್ರದಲ್ಲಿ ಇದನ್ನು ಇರೇಷರ್ ಕೋಡಿಂಗ್ ಎನ್ನುತ್ತಾರೆ.

ಮೂರು ಜಿಲ್ಲೆಗಳ ಮಾತು ಮುಖ್ಯವಾಗುವುದು ಇಲ್ಲಿಯೇ. ಪ್ರತಿಯೊಂದು ಕಡತವನ್ನು ಐದು ಭಾಗ ಮಾಡಿ, ನಾಲ್ಕು ಹೆಚ್ಚುವರಿ ತುಣುಕುಗಳನ್ನು ಲೆಕ್ಕಹಾಕಿ, ಒಟ್ಟು ಒಂಬತ್ತರಲ್ಲಿ ಮೂರನ್ನು ಬೆಳಗಾವಿಯಲ್ಲಿ, ಮೂರನ್ನು ಬಾಗಲಕೋಟೆಯಲ್ಲಿ, ಮೂರನ್ನು ವಿಜಯಪುರದಲ್ಲಿ ಇಟ್ಟರೆ, ಸಿಡಿಲು ಬಡಿದೋ ಬೆಂಕಿ ಬಿದ್ದೋ ಒಂದಿಡೀ ಕ್ಯಾಂಪಸ್ ನಿಂತುಹೋದರೂ ಆರು ತುಣುಕುಗಳು ಉಳಿದಿರುತ್ತವೆ. ಅದರ ಮೇಲೆ ಇನ್ನೊಂದು ಡಿಸ್ಕ್ ಕೆಟ್ಟರೂ ಐದು ಉಳಿಯುತ್ತವೆ. ಇದಕ್ಕೆ ತಗಲುವ ಜಾಗ ಮೂರು ಪಟ್ಟಲ್ಲ, 1.8 ಪಟ್ಟು. 20 ಟೆರಾಬೈಟಿನ (ಸಾವಿರ ಟೆರಾಬೈಟ್ ಸೇರಿದರೆ ಒಂದು ಪೆಟಾಬೈಟ್) ಡಿಸ್ಕುಗಳ ಲೆಕ್ಕದಲ್ಲಿ ಒಂದು ಪೆಟಾಬೈಟಿಗೆ 150ರ ಬದಲು 90 ಡಿಸ್ಕು ಸಾಕು. ಯಾವ ಒಂದು ಸಂಸ್ಥೆಯೂ ತನ್ನೊಂದೇ ಕಟ್ಟಡದಲ್ಲಿ ಈ ಬಗೆಯ ಭದ್ರತೆಯನ್ನು ಎಷ್ಟು ಹಣ ಕೊಟ್ಟರೂ ಪಡೆಯಲಾರದು. ಒಬ್ಬರಿಗೊಬ್ಬರು ಜಾಗ ಕೊಟ್ಟುಕೊಂಡರೆ ಮಾತ್ರ ಅದು ದಕ್ಕುತ್ತದೆ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಮೂರು ವಿಶ್ವವಿದ್ಯಾಲಯಗಳು 2015ರಿಂದ ಓಸೈರಿಸ್ ಎಂಬ ಹೆಸರಿನಲ್ಲಿ ಹೀಗೆಯೇ ಹಂಚಿಕೊಂಡ ಸಂಗ್ರಹವನ್ನು ಕಟ್ಟಿದವು. ಅವು ಬಳಸಿದ ತಂತ್ರಾಂಶ ಸೆಫ್. ಕ್ಯಾಲಿಫೋರ್ನಿಯದ ಸಾಂತಾ ಕ್ರೂಸ್‌ನಲ್ಲಿ ಸೇಜ್ ವೈಲ್ ಎಂಬ ಸಂಶೋಧನಾ ವಿದ್ಯಾರ್ಥಿಯ ಪಿಎಚ್‌ಡಿ ಕೆಲಸವಾಗಿ ಬೆಳೆದು, ಇಂದು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದಾದ ಮುಕ್ತ ತಂತ್ರಾಂಶ. ಯಾವ ತುಣುಕು ಯಾವ ಡಿಸ್ಕಿನಲ್ಲಿದೆ ಎಂಬ ದೊಡ್ಡ ಪಟ್ಟಿಯನ್ನು ಅದು ಇಟ್ಟುಕೊಳ್ಳುವುದೇ ಇಲ್ಲ. ಕಡತದ ಹೆಸರಿನಿಂದಲೇ ಸ್ಥಳವನ್ನು ಲೆಕ್ಕಹಾಕಿ ತಿಳಿಯುತ್ತದೆ. ಒಂದೇ ಕ್ಯಾಂಪಸ್ಸಿಗೆ ಇಷ್ಟಕ್ಕಿಂತ ಹೆಚ್ಚು ತುಣುಕು ಹೋಗಕೂಡದು ಎಂಬ ನಿಯಮವನ್ನೂ ಅದಕ್ಕೆ ಹೇಳಿಕೊಡಬಹುದು.

ದೂರದಿಂದ ನಿಧಾನವಾಗುವುದಿಲ್ಲವೇ ಎಂಬ ಸಂದೇಹ ಸಹಜ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಸಾಗುತ್ತದೆ. ಬೆಳಗಾವಿ ಮತ್ತು ವಿಜಯಪುರಗಳ ನಡುವಿನ ಸುಮಾರು 200 ಕಿ.ಮೀ. ಹೋಗಿಬರಲು ಎರಡು ಮಿಲಿಸೆಕೆಂಡ್ ಸಾಕು. ನಮ್ಮ ಜಾಲಗಳಲ್ಲಿ ಆಗುವಂತೆ ಸಂಕೇತವು ಬೆಂಗಳೂರನ್ನು ಸುತ್ತಿ ಸಾವಿರ ಕಿ.ಮೀ. ಸಾಗಿದರೂ ಹತ್ತು ಮಿಲಿಸೆಕೆಂಡ್ ಆದೀತು. ಹಾರ್ಡ್‌ಡಿಸ್ಕಿನ ಮುಳ್ಳು ಸರಿದು, ತಟ್ಟೆ ತಿರುಗಿ, ಬೇಕಾದ ಜಾಗ ಸಿಗಲು ತಗಲುವ ಕಾಲವೇ ಸರಾಸರಿ ಹನ್ನೆರಡು ಮಿಲಿಸೆಕೆಂಡ್. ಹೀಗಾಗಿ ತೊಡಕು ದೂರದ್ದಲ್ಲ, ಹರಿವಿನ ಪ್ರಮಾಣದ್ದು. ಕೇಂದ್ರ ಸರ್ಕಾರ 2010ರಲ್ಲಿ ಒಪ್ಪಿಗೆ ನೀಡಿದ ರಾಷ್ಟ್ರೀಯ ಜ್ಞಾನ ಜಾಲವು ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳನ್ನು ವೇಗದ ತಂತಿಯಲ್ಲಿ ಬೆಸೆದಿದೆ. ಆದರೂ ಸೆಕೆಂಡಿಗೆ 1 ಗಿಗಾಬಿಟ್ (ಎಂಟು ಬಿಟ್ ಸೇರಿದರೆ ಒಂದು ಬೈಟ್) ವೇಗದ ಸಂಪರ್ಕದಲ್ಲಿ ಒಂದು ಪೆಟಾಬೈಟ್ ಸಾಗಿಸಲು 92 ದಿನ ಬೇಕು. 20 ಟೆರಾಬೈಟಿನ ಐವತ್ತು ಡಿಸ್ಕುಗಳನ್ನು ಪೆಟ್ಟಿಗೆಗೆ ತುಂಬಿ ಬೆಳಗಾವಿಯ ನಿಲ್ದಾಣದಲ್ಲಿ ವಿಜಯಪುರದ ಬಸ್ಸಿಗೆ ಹಾಕಿ, ಅದು ಐದು ತಾಸಿನಲ್ಲಿ ತಲುಪಿದರೆ, ಆ ಬಸ್ಸಿನ ವೇಗ ಸೆಕೆಂಡಿಗೆ 440 ಗಿಗಾಬಿಟ್ ಆಗುತ್ತದೆ. ಇದು ನಗೆಯ ಮಾತಲ್ಲ. ಮೊದಲ ಬಾರಿ ಹಳೆಯ ದತ್ತಾಂಶವನ್ನು ತುಂಬುವಾಗ ಇದೇ ಅಗ್ಗದ ದಾರಿ. ಒಂದೊಂದು ಡಿಸ್ಕನ್ನು ತುಂಬಲು ಹೆಚ್ಚುಕಡಿಮೆ ಒಂದು ದಿನ ಹಿಡಿಯುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ತಂತಿಯ ವೇಗ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ದುರಸ್ತಿಯಲ್ಲಿ. ತುಂಬಿದ ಒಂದು ಡಿಸ್ಕ್ ಕೆಟ್ಟಾಗ ಅದರ ತುಣುಕುಗಳನ್ನು ಮತ್ತೆ ಕಟ್ಟಲು ಪ್ರತಿಯೊಂದಕ್ಕೂ ಬೇರೆ ಐದು ತುಣುಕುಗಳನ್ನು ಓದಬೇಕು. ಅವುಗಳಲ್ಲಿ ಎರಡು ಅದೇ ಕ್ಯಾಂಪಸ್ಸಿನಲ್ಲಿ ಸಿಗುತ್ತವೆ, ಮೂರು ಹೊರಗಿನಿಂದ ಬರಬೇಕು. ಅಂದರೆ 20 ಟೆರಾಬೈಟಿನ ನಷ್ಟಕ್ಕೆ 60 ಟೆರಾಬೈಟ್ ಊರಿನಿಂದ ಊರಿಗೆ ಹರಿಯಬೇಕು: 1 ಗಿಗಾಬಿಟ್ ತಂತಿಯಲ್ಲಿ ಐದೂವರೆ ದಿನ, 10 ಗಿಗಾಬಿಟ್ ತಂತಿಯಲ್ಲಿ ಹದಿಮೂರು ತಾಸು. ಅಷ್ಟು ಹೊತ್ತು ಉಳಿದ ಬಳಕೆದಾರರಿಗೆ ಇಕ್ಕಟ್ಟು. ನನ್ನ ಅಭಿಪ್ರಾಯದಲ್ಲಿ ದುಬಾರಿ ಬ್ರಾಂಡಿನ ಸರ್ವರ್‌ಗಳಿಗೆ ಸುರಿಯುವ ಹಣವನ್ನು ಉಳಿಸಿ ಈ ಸಂಪರ್ಕವನ್ನು ಹತ್ತು ಪಟ್ಟು ಮಾಡಿಕೊಳ್ಳುವುದೇ ಬುದ್ಧಿವಂತಿಕೆ.

ಡಿಸ್ಕ್ ಪೂರ್ತಿ ಸತ್ತರೆ ಕನಿಷ್ಠ ಗೊತ್ತಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಡಿಸ್ಕ್ ಸರಿಯಾಗಿಯೇ ಇದ್ದಂತೆ ತೋರುತ್ತ ತಪ್ಪು ಅಕ್ಷರವನ್ನು ಓದಿ ಕೊಡುವುದು. ಯುರೋಪಿನ ಸರ್ನ್ ಪ್ರಯೋಗಾಲಯವು 2007ರಲ್ಲಿ ತನ್ನ ಯಂತ್ರಗಳನ್ನು ಪರೀಕ್ಷಿಸಿದಾಗ ಇಂಥ ಸದ್ದಿಲ್ಲದ ದೋಷಗಳು ನಿಜವಾಗಿಯೂ ಸಿಕ್ಕಿದವು. ವಿಜಯಪುರದ ಓದುಗರಿಗೆ ಈ ಸಮಸ್ಯೆ ಬೇರೊಂದು ರೂಪದಲ್ಲಿ ಪರಿಚಿತ. ಫ.ಗು. ಹಳಕಟ್ಟಿಯವರು ಮನೆಮನೆ, ಮಠಮಠ ಅಲೆದು ವಚನಗಳ ತಾಡವೋಲೆಗಳನ್ನು ಕೂಡಿಸಲು ಸಾಧ್ಯವಾದದ್ದು ಪ್ರತಿಗಳು ಅನೇಕ ಕಡೆ ಉಳಿದಿದ್ದುದರಿಂದ; ಆದರೆ ಎರಡು ಪ್ರತಿಗಳ ಪಾಠ ಬೇರೆಯಾದಾಗ ಯಾವುದು ಸರಿ ಎಂಬುದನ್ನು ಪ್ರತಿಗಳೇ ಹೇಳಲಾರವು, ಅದಕ್ಕೆ ಗ್ರಂಥಸಂಪಾದಕರ ವಿವೇಕ ಬೇಕಾಗುತ್ತದೆ. ಗಣಕದಲ್ಲಿ ಆ ವಿವೇಕದ ಕೆಲಸವನ್ನು ಚೆಕ್‌ಸಮ್ ಎಂಬ ಸಣ್ಣ ಸಂಖ್ಯೆ ಮಾಡುತ್ತದೆ. ದತ್ತಾಂಶವನ್ನು ಬರೆಯುವಾಗಲೇ ಅದರಿಂದ ಲೆಕ್ಕಹಾಕಿ ಪ್ರತ್ಯೇಕವಾಗಿ ಇಟ್ಟ ಈ ಸಂಖ್ಯೆಯನ್ನು ಓದುವಾಗ ಮತ್ತೆ ಲೆಕ್ಕಹಾಕಿ ಹೋಲಿಸಿದರೆ, ಒಂದೇ ಒಂದು ಬಿಟ್ ಬದಲಾಗಿದ್ದರೂ ಸಿಕ್ಕಿಬೀಳುತ್ತದೆ. ಕೆಟ್ಟ ತುಣುಕನ್ನು ಎಸೆದು ಉಳಿದವುಗಳಿಂದ ಹೊಸದನ್ನು ಕಟ್ಟಬಹುದು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಿಂದ ಬಂದ ಝಡ್ಎಫ್ಎಸ್ ಎಂಬ ಕಡತ ವ್ಯವಸ್ಥೆ ಈ ಪದ್ಧತಿಯನ್ನು ಜನಪ್ರಿಯಗೊಳಿಸಿತು, ಸೆಫ್ ಕೂಡ ಅನುಸರಿಸುತ್ತದೆ. ಯಾರೂ ತೆರೆಯದ ಕಡತಗಳನ್ನೂ ಆಗಾಗ ತಾನಾಗಿಯೇ ಓದಿ ಪರೀಕ್ಷಿಸುವ ಸ್ಕ್ರಬ್ ಎಂಬ ಕ್ರಿಯೆಯನ್ನು ವೇಗ ಕಡಿಮೆಯಾಗುತ್ತದೆಂದು ನಿಲ್ಲಿಸಿಬಿಡುವ ಅಭ್ಯಾಸ ಕೆಲವರಲ್ಲಿದೆ. ಹಾಗೆ ಮಾಡಿದರೆ ಯಾರೂ ತೆರೆಯದ ಕಡತಗಳಲ್ಲಿನ ದೋಷ ಗೊತ್ತಾಗದೆಯೇ ಉಳಿದುಬಿಡುತ್ತದೆ.

ವಿದ್ಯುತ್ತಿನ ಲೆಕ್ಕ ಅಂದುಕೊಂಡಷ್ಟು ಭಯಂಕರವಲ್ಲ. ದುರಸ್ತಿಗೆ ಬೇಕಾಗುವ ಖಾಲಿ ಜಾಗವನ್ನೂ ಹಿಡಿದು 108 ಡಿಸ್ಕು, ಅವನ್ನು ಹೊತ್ತ ಒಂಬತ್ತು ಸರ್ವರ್ ಸೇರಿ ಸುಮಾರು 2.2 ಕಿಲೋವ್ಯಾಟ್ ಎಳೆದರೆ ವರ್ಷಕ್ಕೆ 19,000 ಯೂನಿಟ್. ತಂಪುಗೊಳಿಸುವ ಖರ್ಚನ್ನು ಅದರ ಅರ್ಧದಷ್ಟು ಎಂದು ಸೇರಿಸಿ, ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ ಮೂರೂ ಊರುಗಳಿಂದ ಹೆಸ್ಕಾಂಗೆ ಕಟ್ಟಬೇಕಾದದ್ದು ಎರಡೂಕಾಲು ಲಕ್ಷದ ಆಸುಪಾಸು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ವಿಜಯಪುರದಲ್ಲಿ ಕೋಣೆಯನ್ನು ಹಿಮದಂತೆ ತಣ್ಣಗಿಡುವುದೂ ಬೇಕಿಲ್ಲ: ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಮೇಲೆ ಗೂಗಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀರ ಹೆಚ್ಚಿನ ಬಿಸಿಯನ್ನು ಬಿಟ್ಟರೆ, ಉಷ್ಣತೆಗೂ ಸಾವಿಗೂ ನಿರೀಕ್ಷಿಸಿದಷ್ಟು ನಂಟು ಕಾಣಲಿಲ್ಲ. ಒಳಬರುವ ಗಾಳಿ 27 ಡಿಗ್ರಿ ಇದ್ದರೆ ಸಾಕು. ವೋಲ್ಟೇಜಿನ ಏರಿಳಿತವೇ ಹೆಚ್ಚು ಅಪಾಯಕಾರಿ. ಯುಪಿಎಸ್ ಮತ್ತು ಅದರ ಬ್ಯಾಟರಿಗಳ ಮೇಲೆ ಕಂಜೂಸಿತನ ಸಲ್ಲದು.

ಎಲ್ಲವನ್ನೂ ತಿರುಗುವ ಡಿಸ್ಕಿನಲ್ಲೇ ಇಡಬೇಕೆಂದೂ ಇಲ್ಲ. ಗಣಕದಲ್ಲಿ ಮತ್ತೆ ಲೆಕ್ಕಹಾಕಿ ಪಡೆಯಬಹುದಾದ ಫಲಿತಾಂಶಗಳನ್ನು ಧೈರ್ಯವಾಗಿ ಅಳಿಸಬಹುದು. ಒಂದು ಮಳೆಗಾಲದ ಕೃಷ್ಣೆಯ ನೀರಿನ ಮಟ್ಟವನ್ನು ಮತ್ತೆ ಅಳೆಯಲಾಗದು, ಆದ್ದರಿಂದ ಅದು ಎಂದೆಂದಿಗೂ ಉಳಿಯಬೇಕು. ಅಪರೂಪಕ್ಕೆ ಬೇಕಾಗುವ ಇಂಥವಕ್ಕೆ ಕಾಂತೀಯ ಟೇಪ್ ಒಳ್ಳೆಯದು. ಸರ್ನ್ ಇಂದಿಗೂ ತನ್ನ ಪ್ರಯೋಗಗಳ ದತ್ತಾಂಶವನ್ನು ಟೇಪಿನಲ್ಲೇ ಕಾಯ್ದಿಡುತ್ತದೆ. ಎಲ್‌ಟಿಒ ಎಂಬ ಟೇಪ್ ಮಾದರಿಯ ಒಂಬತ್ತನೆಯ ತಲೆಮಾರಿನ ಒಂದು ಕ್ಯಾಸೆಟ್ 18 ಟೆರಾಬೈಟ್ ಹಿಡಿಯುತ್ತದೆ, ಕಪಾಟಿನಲ್ಲಿದ್ದಾಗ ವಿದ್ಯುತ್ತನ್ನೇ ಬೇಡುವುದಿಲ್ಲ. ಕ್ಯಾಸೆಟ್ ಅಗ್ಗ, ಓದುವ ಯಂತ್ರ ಮಾತ್ರ ಲಕ್ಷಗಳ ಬಾಬತ್ತು; ಮೂರು ಊರಿಗೆ ಒಂದಿದ್ದರೆ ಸಾಕು.

ಉಳಿದದ್ದು ಖರೀದಿಯ ಪ್ರಶ್ನೆ, ನಮ್ಮ ಸಂಸ್ಥೆಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಮಾರ್ಚ್ 31ರೊಳಗೆ ಅನುದಾನ ಮುಗಿಸುವ ಆತುರದಲ್ಲಿ ಎಲ್ಲ ಡಿಸ್ಕುಗಳನ್ನೂ ಒಂದೇ ಟೆಂಡರಿನಲ್ಲಿ ಕೊಂಡರೆ, ಒಂದೇ ಕಾರ್ಖಾನೆಯ ಒಂದೇ ತಂಡದ ಡಿಸ್ಕುಗಳು ಬಂದು, ಒಟ್ಟಿಗೇ ಮುಪ್ಪಾಗಿ, ಒಟ್ಟಿಗೇ ಕೆಡತೊಡಗುತ್ತವೆ. ಬದಲಿಸಲು ಆಗ ಬಜೆಟ್ ಇರುವುದಿಲ್ಲ. 2011ರ ಥಾಯ್ಲೆಂಡ್ ನೆರೆಯಲ್ಲಿ ಕಾರ್ಖಾನೆಗಳು ಮುಳುಗಿ ಡಿಸ್ಕಿನ ಬೆಲೆ ಜಗತ್ತಿನಾದ್ಯಂತ ಏರಿದಂಥ ಸಂದರ್ಭಗಳನ್ನು ಬಿಟ್ಟರೆ, ದಶಕಗಳ ಕಾಲ ಬೆಲೆ ಇಳಿಯುತ್ತಲೇ ಬಂದಿದೆಯಾದ್ದರಿಂದ ಮುಂದೆ ಬೇಕಾಗುವುದನ್ನು ಇಂದೇ ಕೊಳ್ಳುವುದು ಜಾಣತನವಲ್ಲ. ಹನ್ನೆರಡು ಡಿಸ್ಕು ಹಿಡಿಯುವ ಮೂರು ಸಾಧಾರಣ ಸರ್ವರ್‌ಗಳನ್ನು ಪ್ರತಿ ಕ್ಯಾಂಪಸ್ಸಿನಲ್ಲಿ ಇಟ್ಟು, ಮೊದಲ ವರ್ಷ ಪ್ರತಿಯೊಂದರಲ್ಲಿ ನಾಲ್ಕು ಡಿಸ್ಕು ಮಾತ್ರ ತುಂಬಿದರೆ 400 ಟೆರಾಬೈಟ್ ಬಳಕೆಗೆ ಸಿಗುತ್ತದೆ, ಒಂಬತ್ತು ತುಣುಕುಗಳಿಗೆ ಒಂಬತ್ತು ಸರ್ವರ್ ಆದದ್ದರಿಂದ ಒಂದು ಸರ್ವರ್ ಕೆಟ್ಟರೆ ಕಡತದ ಒಂದೇ ತುಣುಕು ಹೋಗುತ್ತದೆ. ಎರಡನೆಯ ಮತ್ತು ಮೂರನೆಯ ವರ್ಷ ಬೇರೆ ಬೇರೆ ತಯಾರಕರಿಂದ ಮೂವತ್ತಾರು ಮೂವತ್ತಾರು ಡಿಸ್ಕುಗಳನ್ನು ಸೇರಿಸಿದರೆ ಒಟ್ಟು ಸಾಮರ್ಥ್ಯ 1.2 ಪೆಟಾಬೈಟ್ ಆಗುತ್ತದೆ. ಒಂದು ಪೆಟಾಬೈಟ್ ತುಂಬಿ, ಉಳಿದ ಜಾಗವನ್ನು ದುರಸ್ತಿಗೆ ಖಾಲಿ ಬಿಡಬಹುದು. ಐದನೆಯ ವರ್ಷದಿಂದ ಮೊದಲ ಮೂವತ್ತಾರನ್ನು ತೆಗೆದು, ಆ ಹೊತ್ತಿಗೆ ಬಂದಿರುವ ದೊಡ್ಡ ಡಿಸ್ಕುಗಳನ್ನು ಅವುಗಳ ಜಾಗದಲ್ಲಿ ಕೂರಿಸುತ್ತ ಹೋಗಬೇಕು.